ಹೂವಿನ ಸಂತಾನೋತ್ಪತ್ತಿ ಅಂಗಗಳು

ಹೂವಿನ ಸಂತಾನೋತ್ಪತ್ತಿ ಅಂಗಗಳು ಎಂದರೆ ಹೂಬಿಡುವ ಸಸ್ಯಗಳಲ್ಲಿ ಬೀಜ ಮತ್ತು ಕಾಯಿಯ ಉತ್ಪತ್ತಿಗೆ ಕಾರಣವಾಗುವ ಭಾಗಗಳು. ಗಂಡುಭಾಗವನ್ನು ಕೇಸರವೆಂದೂ ಹೆಣ್ಣುಭಾಗವನ್ನು ಶಲಾಕೆಯೆಂದೂ ಕರೆಯುತ್ತಾರೆ. ಕೇಸರವು ಪರಾಗವನ್ನು ಉತ್ಪಾದಿಸುತ್ತದೆ. ಶಲಾಕೆಯು ಪರಾಗವನ್ನು ಸ್ವೀಕರಿಸಿ, ತನ್ನೊಳಗಿನ ಅಂಡಕಗಳನ್ನು ಬೀಜಗಳನ್ನಾಗಿ ಬೆಳೆಸುತ್ತದೆ. ಈ ಅಂಗಗಳ ಮೂಲವಿನ್ಯಾಸ ಎಲ್ಲ ಹೂಗಳಲ್ಲಿ ಒಂದೇ ಆಗಿದ್ದರೂ ಅವುಗಳ ಆಕಾರ, ಸಂಖ್ಯೆ ಮತ್ತು ಪಕ್ವವಾಗುವ ಕಾಲ ಸಸ್ಯದಿಂದ ಸಸ್ಯಕ್ಕೆ ಬೇರೆಯಾಗಿರುತ್ತವೆ. ಬೆಳೆಯ ಇಳುವರಿಯು ಅನೇಕ ವೇಳೆ ಈ ವ್ಯತ್ಯಾಸಗಳನ್ನೇ ಅವಲಂಬಿಸಿರುತ್ತದೆ.

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ಆಸುಪಾಸಿನಲ್ಲಿರುವ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳು ಇದಕ್ಕೆ ಉತ್ತಮ ನಿದರ್ಶನಗಳನ್ನು ಒದಗಿಸುತ್ತವೆ. 1997ರಲ್ಲಿ ವಿಜಾಪುರ ಜಿಲ್ಲೆಯಿಂದ ಬೇರ್ಪಟ್ಟ ಬಾಗಲಕೋಟೆ ಜಿಲ್ಲೆಗೆ ಸೇರಿದ ಈ ಭಾಗದಲ್ಲಿ ನೀರಾವರಿ ಜಮೀನುಗಳಲ್ಲಿ ಕಬ್ಬು, ಅರಿಸಿನ ಮತ್ತು ಗೋವಿನಜೋಳವನ್ನೂ, ಮಳೆಯಾಶ್ರಿತ ಕಪ್ಪುಮಣ್ಣಿನಲ್ಲಿ ಹಿಂಗಾರಿ ಜೋಳ, ಕಡಲೆ ಮತ್ತು ಸೂರ್ಯಕಾಂತಿಯನ್ನೂ ಬೆಳೆಯುತ್ತಾರೆ. ದಾಳಿಂಬೆಯ ತೋಟಗಳೂ ಇವೆ. ಈ ಬೆಳೆಗಳಲ್ಲಿ ಕೆಲವಕ್ಕೆ ಹೂವಿನ ಅಂಗಗಳು ಸರಿಯಾಗಿ ಕೆಲಸ ಮಾಡಿದರೆ ಮಾತ್ರ ಫಸಲು. ಇನ್ನು ಕೆಲವು ಹೂಬಿಡದಿದ್ದರೇ ರೈತನಿಗೆ ಲಾಭ.

ರಚನೆ

ಹೂವಿನ ತೊಟ್ಟಿನ ತುದಿಯಲ್ಲಿರುವ ಉಬ್ಬಿದ ಭಾಗವೇ ಪುಷ್ಪಪೀಠ. ಅದರ ಮೇಲೆ ಹೊರಗಿನಿಂದ ಒಳಗೆ ನಾಲ್ಕು ಸುತ್ತುಗಳು ಜೋಡಣೆಗೊಂಡಿರುತ್ತವೆ: ಪುಷ್ಪಪಾತ್ರೆ, ದಳಗಳು, ಕೇಸರಗಳು ಮತ್ತು ಶಲಾಕೆ. ಮೊದಲ ಎರಡು ಸುತ್ತುಗಳು ನೇರವಾಗಿ ಸಂತಾನೋತ್ಪತ್ತಿಯಲ್ಲಿ ಭಾಗವಹಿಸುವುದಿಲ್ಲ. ಪುಷ್ಪಪಾತ್ರೆಯು ಮೊಗ್ಗನ್ನು ರಕ್ಷಿಸಿದರೆ, ಬಣ್ಣದ ದಳಗಳು ಕೀಟಗಳನ್ನು ಆಕರ್ಷಿಸುತ್ತವೆ.

ಕೇಸರದಲ್ಲಿ ಎರಡು ಭಾಗಗಳಿವೆ. ತೆಳುವಾದ ಕೇಸರದಂಡವು ಪರಾಗಕೋಶವನ್ನು ಎತ್ತಿಹಿಡಿಯುತ್ತದೆ. ಪರಾಗಕೋಶದಲ್ಲಿ ಸಾಮಾನ್ಯವಾಗಿ ನಾಲ್ಕು ಪರಾಗಚೀಲಗಳಿದ್ದು, ಅವುಗಳೊಳಗೆ ಕೋಶವಿಭಜನೆಯಿಂದ ಪರಾಗರೇಣುಗಳು ರೂಪುಗೊಳ್ಳುತ್ತವೆ. ಪಕ್ವವಾದ ಪರಾಗಕೋಶವು ಒಡೆದು ರೇಣುಗಳನ್ನು ಹೊರಚೆಲ್ಲುತ್ತದೆ.

ಶಲಾಕೆಯಲ್ಲಿ ಮೂರು ಭಾಗಗಳಿವೆ. ತುದಿಯಲ್ಲಿರುವ ಶಲಾಕಾಗ್ರವು ಅಂಟಾಗಿ ಅಥವಾ ಗರಿಯಂತೆ ಕವಲೊಡೆದು ಪರಾಗವನ್ನು ಹಿಡಿದಿಡುತ್ತದೆ. ಅದರ ಕೆಳಗಿನ ಶಲಾಕಾನಳಿಕೆಯು ಪರಾಗಕ್ಕೆ ಒಳದಾರಿಯಾಗುತ್ತದೆ. ಬುಡದಲ್ಲಿರುವ ಅಂಡಾಶಯದೊಳಗೆ ಒಂದು ಅಥವಾ ಹಲವು ಅಂಡಕಗಳಿರುತ್ತವೆ. ಪ್ರತಿಯೊಂದು ಅಂಡಕದ ಭ್ರೂಣಚೀಲದಲ್ಲಿ ಅಂಡಾಣು ಇರುತ್ತದೆ.

ಕೇಸರ ಮತ್ತು ಶಲಾಕೆ ಎರಡೂ ಒಂದೇ ಹೂವಿನಲ್ಲಿದ್ದರೆ ಅದು ದ್ವಿಲಿಂಗಿ ಹೂ. ಜೋಳ, ಕಡಲೆ, ಹತ್ತಿ ಮತ್ತು ದಾಸವಾಳ ಇದಕ್ಕೆ ಉದಾಹರಣೆ. ಒಂದು ಮಾತ್ರ ಇದ್ದರೆ ಅದು ಏಕಲಿಂಗಿ. ಗೋವಿನಜೋಳ, ಸೌತೆ ಮತ್ತು ಹೀರೆಯಲ್ಲಿ ಗಂಡು ಮತ್ತು ಹೆಣ್ಣು ಹೂಗಳು ಒಂದೇ ಗಿಡದ ಬೇರೆ ಬೇರೆ ಜಾಗದಲ್ಲಿ ಮೂಡುತ್ತವೆ. ಪಪ್ಪಾಯಿಯ ಹಲವು ತಳಿಗಳಲ್ಲಿ ಗಂಡುಗಿಡ ಮತ್ತು ಹೆಣ್ಣುಗಿಡಗಳೇ ಬೇರೆಯಾಗಿರುತ್ತವೆ.

ಪರಾಗಸ್ಪರ್ಶ

ಪರಾಗರೇಣುವು ಪರಾಗಕೋಶದಿಂದ ಶಲಾಕಾಗ್ರವನ್ನು ತಲುಪುವ ಕ್ರಿಯೆಯೇ ಪರಾಗಸ್ಪರ್ಶ. ಅದೇ ಹೂವಿನ ಅಥವಾ ಅದೇ ಗಿಡದ ಪರಾಗ ತಲುಪಿದರೆ ಸ್ವಕೀಯ ಪರಾಗಸ್ಪರ್ಶ; ಅದೇ ಜಾತಿಯ ಬೇರೊಂದು ಗಿಡದ ಪರಾಗ ತಲುಪಿದರೆ ಪರಕೀಯ ಪರಾಗಸ್ಪರ್ಶ.

ಗಾಳಿಯನ್ನು ಅವಲಂಬಿಸಿದ ಹೂಗಳಲ್ಲಿ ಆಕರ್ಷಕ ದಳಗಳಾಗಲಿ ಮಕರಂದವಾಗಲಿ ಸಾಮಾನ್ಯವಾಗಿ ಇರುವುದಿಲ್ಲ. ಪರಾಗವು ಹಗುರವಾಗಿದ್ದು ಹೇರಳವಾಗಿ ಉತ್ಪತ್ತಿಯಾಗುತ್ತದೆ. ಕೀಟಗಳನ್ನು ಅವಲಂಬಿಸಿದ ಹೂಗಳಲ್ಲಿ ಬಣ್ಣ, ವಾಸನೆ ಮತ್ತು ಮಕರಂದ ಇದ್ದು, ಪರಾಗವು ಅಂಟಾಗಿರುತ್ತದೆ. ಕರ್ನಾಟಕದಲ್ಲಿ ಈ ಕೆಲಸ ಮಾಡುವ ಜೇನುಗಳಲ್ಲಿ ತುಡುವೆ, ಹೆಜ್ಜೇನು, ಕೋಲುಜೇನು ಮತ್ತು ಮುಜಂಟಿ ಮುಖ್ಯವಾದವು.

ಇಮ್ಮಡಿ ನಿಷೇಚನ

ಶಲಾಕಾಗ್ರದ ಮೇಲೆ ಬಿದ್ದ ಪರಾಗರೇಣು ಮೊಳೆತು ಪರಾಗನಳಿಕೆಯನ್ನು ಬೆಳೆಸುತ್ತದೆ. ಈ ನಳಿಕೆಯು ಶಲಾಕಾನಳಿಕೆಯ ಮೂಲಕ ಇಳಿದು ಅಂಡಕವನ್ನು ಪ್ರವೇಶಿಸಿ, ಎರಡು ಗಂಡು ಲಿಂಗಾಣುಗಳನ್ನು ಬಿಡುಗಡೆ ಮಾಡುತ್ತದೆ. ಒಂದು ಅಂಡಾಣುವಿನೊಂದಿಗೆ ಕೂಡಿ ಯುಗ್ಮಜವಾಗುತ್ತದೆ. ಯುಗ್ಮಜವೇ ಮುಂದೆ ಭ್ರೂಣವಾಗಿ ಬೆಳೆಯುತ್ತದೆ. ಇನ್ನೊಂದು ಭ್ರೂಣಚೀಲದ ನಡುವಿನ ಎರಡು ಕೋಶಕೇಂದ್ರಗಳೊಂದಿಗೆ ಕೂಡಿ, ಭ್ರೂಣಕ್ಕೆ ಆಹಾರ ಒದಗಿಸುವ ಭ್ರೂಣಾಹಾರವಾಗುತ್ತದೆ. ಎರಡು ಕೂಡುವಿಕೆಗಳು ನಡೆಯುವುದರಿಂದ ಇದನ್ನು ಇಮ್ಮಡಿ ನಿಷೇಚನವೆನ್ನುತ್ತಾರೆ.

ಜೋಳದ ಕಾಳಿನ ಬಹುಭಾಗ ಭ್ರೂಣಾಹಾರವೇ ಆಗಿದೆ. ಆದ್ದರಿಂದ ಜೋಳದ ರೊಟ್ಟಿಯ ಹಿಟ್ಟು ಪ್ರಧಾನವಾಗಿ ಈ ಎರಡನೆಯ ಕೂಡುವಿಕೆಯ ಫಲ. ಕಡಲೆಯಲ್ಲಿ ಬೀಜ ಬಲಿಯುವ ಹೊತ್ತಿಗೆ ಭ್ರೂಣಾಹಾರವು ಬಳಕೆಯಾಗಿಹೋಗಿ, ಆಹಾರವು ಭ್ರೂಣದ ಎರಡು ಬೀಜದಳಗಳಲ್ಲಿ ಸಂಗ್ರಹವಾಗುತ್ತದೆ. ಕಡಲೆಬೇಳೆ ಎಂದರೆ ಈ ಬೀಜದಳಗಳೇ.

ನಿಷೇಚನದ ಅನಂತರ ಅಂಡಕವು ಬೀಜವಾಗಿಯೂ ಅಂಡಾಶಯವು ಕಾಯಿಯಾಗಿಯೂ ಮಾರ್ಪಡುತ್ತವೆ. ದಳಗಳು ಮತ್ತು ಕೇಸರಗಳು ಸಾಮಾನ್ಯವಾಗಿ ಬಾಡಿ ಉದುರುತ್ತವೆ.

ಕಾಳು ಮತ್ತು ಎಣ್ಣೆಕಾಳು ಬೆಳೆಗಳು

ಜೋಳದ ತೆನೆಯಲ್ಲಿ ಕಿರುಹೂಗಳು ಜೋಡಿಜೋಡಿಯಾಗಿರುತ್ತವೆ. ತೊಟ್ಟಿಲ್ಲದ ಕಿರುಹೂ ದ್ವಿಲಿಂಗಿಯಾಗಿದ್ದು ಕಾಳು ಕಟ್ಟುತ್ತದೆ. ತೊಟ್ಟುಳ್ಳದ್ದು ಗಂಡುಹೂವಾಗಿ ಅಥವಾ ಬಂಜೆಯಾಗಿ ಉಳಿಯುತ್ತದೆ. ಫಲವಂತ ಹೂವಿನಲ್ಲಿ ಮೂರು ಕೇಸರಗಳೂ ಗರಿಯಂತಹ ಎರಡು ಶಲಾಕಾಗ್ರಗಳೂ ಇವೆ. ಹೂವರಳುವಿಕೆ ತೆನೆಯ ತುದಿಯಲ್ಲಿ ಆರಂಭವಾಗಿ ಕೆಲವು ದಿನಗಳಲ್ಲಿ ಬುಡವನ್ನು ತಲುಪುತ್ತದೆ. ಜೋಳದಲ್ಲಿ ಸ್ವಕೀಯ ಪರಾಗಸ್ಪರ್ಶವೇ ಹೆಚ್ಚು.

ಗೋವಿನಜೋಳದಲ್ಲಿ ಗಿಡದ ತುದಿಯ ಸೂಲಂಗಿಯು ಗಂಡುಹೂಗಳ ಗೊಂಚಲು. ಎಲೆಯ ಕಂಕುಳಲ್ಲಿ ಮೂಡುವ ತೆನೆಯು ಹೆಣ್ಣುಹೂಗಳ ಗೊಂಚಲು. ತೆನೆಯ ತುದಿಯಿಂದ ಹೊರಚಾಚುವ ರೇಷ್ಮೆಯಂತಹ ಪ್ರತಿಯೊಂದು ಎಳೆಯೂ ಒಂದೊಂದು ಅಂಡಾಶಯಕ್ಕೆ ಸೇರಿದ್ದು, ಉದ್ದಕ್ಕೂ ಪರಾಗವನ್ನು ಹಿಡಿಯಬಲ್ಲದು. ಪರಾಗ ದೊರೆಯದ ಎಳೆಯ ಜಾಗದಲ್ಲಿ ಕಾಳು ಕಟ್ಟುವುದಿಲ್ಲ. ಸೂಲಂಗಿ ಪರಾಗ ಚೆಲ್ಲುವ ಕಾಲದಲ್ಲಿ ನೀರಿನ ಕೊರತೆಯಾದರೆ ಎಳೆಗಳು ಹೊರಬರುವುದು ತಡವಾಗುತ್ತದೆ. ಗಂಡುಹೂವಿನ ಕಾಲ ಮುಗಿದ ಮೇಲೆ ಹೊರಬಂದ ಎಳೆಗಳು ಬಂಜೆಯಾಗುತ್ತವೆ. ಅಲ್ಲಲ್ಲಿ ಹಲ್ಲುದುರಿದಂತೆ ಕಾಣುವ ತೆನೆಗಳಿಗೆ ಇದು ಒಂದು ಮುಖ್ಯ ಕಾರಣ.

ಸೂರ್ಯಕಾಂತಿಯ ‘ಹೂ’ ಎಂದು ಕರೆಯಲಾಗುವ ತಟ್ಟೆಯು ನೂರಾರು ಕಿರುಹೂಗಳ ಸಮೂಹ. ಅಂಚಿನ ಹಳದಿ ಎಸಳುಗಳೂ ಕಿರುಹೂಗಳೇ. ಅವು ಬಂಜೆಯಾಗಿದ್ದು ಜೇನುಗಳನ್ನು ಕರೆಯುವುದಷ್ಟೇ ಅವುಗಳ ಕೆಲಸ. ನಡುವಿನ ಕಿರುಹೂಗಳು ದ್ವಿಲಿಂಗಿಗಳು. ಅವು ಅಂಚಿನಿಂದ ಕೇಂದ್ರದ ಕಡೆಗೆ ಸುತ್ತುಸುತ್ತಾಗಿ ಅರಳುತ್ತವೆ. ಪ್ರತಿ ಕಿರುಹೂವಿನಲ್ಲಿ ಮೊದಲು ಪರಾಗ ಹೊರಬರುತ್ತದೆ. ಶಲಾಕಾಗ್ರ ಅನಂತರ ತೆರೆದುಕೊಳ್ಳುತ್ತದೆ. ಈ ಕಾಲವ್ಯತ್ಯಾಸದಿಂದಾಗಿ ಒಂದು ಹೂವಿನ ಪರಾಗವು ಮತ್ತೊಂದಕ್ಕೆ ಸಾಗಬೇಕಾಗುತ್ತದೆ. ಜೇನುಗಳು ಬಾರದಿದ್ದರೆ ಜೊಳ್ಳು ಹೆಚ್ಚುತ್ತದೆ. ಆದ್ದರಿಂದ ಹೊಲದಲ್ಲಿ ಜೇನುಪೆಟ್ಟಿಗೆ ಇಡುವುದು ಅಥವಾ ಬೆಳಗಿನ ಹೊತ್ತು ಕೈಗೆ ಮೃದುವಾದ ಬಟ್ಟೆ ಸುತ್ತಿಕೊಂಡು ತಟ್ಟೆಗಳನ್ನು ಒಂದಾದ ಮೇಲೊಂದರಂತೆ ಸವರುವುದು ರೂಢಿಯಲ್ಲಿದೆ.

ಕಡಲೆಯ ಸ್ಥಿತಿ ಇದಕ್ಕೆ ವಿರುದ್ಧ. ಅದರ ಹತ್ತು ಕೇಸರಗಳಲ್ಲಿ ಒಂಬತ್ತು ಕೂಡಿಕೊಂಡಿದ್ದು ಒಂದು ಬಿಡಿಯಾಗಿರುತ್ತದೆ. ಹೂ ಅರಳುವ ಮೊದಲೇ, ಮೊಗ್ಗಿನೊಳಗೆ ಪರಾಗಸ್ಪರ್ಶ ಮುಗಿದಿರುತ್ತದೆ. ಹೀಗಾಗಿ ಕಡಲೆಗೆ ಕೀಟಗಳ ನೆರವು ಬೇಕಾಗುವುದಿಲ್ಲ. ರೈತರು ಉಳಿಸಿಕೊಂಡ ಬೀಜವೂ ತಳಿಗುಣವನ್ನು ಬಹುಮಟ್ಟಿಗೆ ಕಾಪಾಡಿಕೊಳ್ಳುತ್ತದೆ.

ಹತ್ತಿ ಮತ್ತು ದಾಳಿಂಬೆ

ಹತ್ತಿಯು ದಾಸವಾಳದ ಕುಟುಂಬಕ್ಕೆ ಸೇರಿದೆ. ಅದರ ಕೇಸರದಂಡಗಳು ಕೂಡಿಕೊಂಡು ಶಲಾಕಾನಳಿಕೆಯ ಸುತ್ತ ಕೊಳವೆಯಂತಾಗಿರುತ್ತವೆ. ಬೆಳಿಗ್ಗೆ ಕೆನೆಬಣ್ಣದಲ್ಲಿ ಅರಳುವ ಅಮೆರಿಕನ್ ಹತ್ತಿಯ ಹೂ ಮರುದಿನ ಗುಲಾಬಿ ಬಣ್ಣಕ್ಕೆ ತಿರುಗಿ ಬಾಡುತ್ತದೆ. ಹತ್ತಿಯ ಎಳೆಯು ಅಂಡಕದ ಹೊರಪದರದ ಒಂದೊಂದು ಜೀವಕೋಶವು ಉದ್ದಕ್ಕೆ ಬೆಳೆದು ಆಗುವ ಕೂದಲು. ಹೂವರಳುವ ದಿನದ ಆಸುಪಾಸಿನಲ್ಲಿ ಈ ಬೆಳವಣಿಗೆ ಆರಂಭವಾಗುತ್ತದೆ. ಸೀರೆಗಳ ನೇಯ್ಗೆಗೆ ಹೆಸರಾದ ರಬಕವಿ ಮತ್ತು ಬನಹಟ್ಟಿಯ ಮಗ್ಗಗಳಿಗೆ ಬರುವ ಹತ್ತಿನೂಲಿನ ಮೂಲವೂ ಇಂತಹ ಅಂಡಕಗಳೇ.

ದಾಳಿಂಬೆಯ ಒಂದೇ ಗಿಡದಲ್ಲಿ ಮುಖ್ಯವಾಗಿ ಎರಡು ಬಗೆಯ ಹೂಗಳು ಬಿಡುತ್ತವೆ. ಬುಡ ದಪ್ಪಗಿರುವ ಹೂಜಿಯಾಕಾರದವು ದ್ವಿಲಿಂಗಿಗಳು. ಅವುಗಳ ಅಂಡಾಶಯ ಪೂರ್ಣವಾಗಿ ಬೆಳೆದಿರುವುದರಿಂದ ಕಾಯಿ ಕಟ್ಟುತ್ತವೆ. ಬುಡ ಕಿರಿದಾಗಿರುವ ಗಂಟೆಯಾಕಾರದವುಗಳಲ್ಲಿ ಶಲಾಕೆ ಕುಗ್ಗಿರುತ್ತದೆ. ಇವು ಪರಾಗ ಒದಗಿಸಿ ಉದುರಿಹೋಗುತ್ತವೆ. ಆದ್ದರಿಂದ ಉದುರಿದ ಎಲ್ಲ ಹೂಗಳೂ ರೋಗದ ಲಕ್ಷಣವಲ್ಲ. ಹಣ್ಣಿನ ತುದಿಯ ಕಿರೀಟವು ಉಳಿದುಕೊಂಡ ಪುಷ್ಪಪಾತ್ರೆ; ಅದರೊಳಗೆ ಒಣಗಿದ ಕೇಸರಗಳನ್ನು ಕಾಣಬಹುದು. ತಿನ್ನುವ ರಸಭರಿತ ಭಾಗವು ಬೀಜದ ಹೊರಕವಚ. ಬೆಳೆಗಾರರು ನೀರನ್ನು ತಡೆಹಿಡಿದು ಮತ್ತೆ ಕೊಡುವ ಮೂಲಕ ಅಂಬೆ, ಮೃಗ ಅಥವಾ ಹಸ್ತ ಬಹಾರಿನಲ್ಲಿ ಗಿಡಗಳು ಒಟ್ಟಿಗೆ ಹೂಬಿಡುವಂತೆ ಮಾಡುತ್ತಾರೆ.

ಹೂ ಬೇಡವಾದ ಬೆಳೆಗಳು

ಕಬ್ಬನ್ನು ತುಂಡುಗಳಿಂದಲೂ ಅರಿಸಿನವನ್ನು ಗೆಡ್ಡೆಗಳಿಂದಲೂ ಬೆಳೆಸುವುದರಿಂದ ಇವುಗಳ ಕೃಷಿಗೆ ಬೀಜ ಬೇಕಿಲ್ಲ. ಕಬ್ಬು ಸೂಲಂಗಿ ಬಿಟ್ಟ ಮೇಲೆ ಹೊಸ ಗಣ್ಣುಗಳು ಮೂಡುವುದಿಲ್ಲ. ಕಟಾವು ತಡವಾದರೆ ಮೇಲಿನ ಗಣ್ಣುಗಳು ಬೆಂಡಾಗಿ ತೂಕವೂ ಸಕ್ಕರೆಯ ಅಂಶವೂ ತಗ್ಗುತ್ತವೆ. ಆದ್ದರಿಂದ ಸೂಲಂಗಿ ಬಿಟ್ಟ ಹೊಲವನ್ನು ಬೇಗನೆ ಕಟಾವು ಮಾಡಬೇಕಾಗುತ್ತದೆ. ಕಾರ್ಖಾನೆಯ ಸರದಿ ತಡವಾದರೆ ನಷ್ಟ ರೈತನಿಗೆ.

ಅರಿಸಿನದ ಹೂಗೊಂಚಲು ಆಕರ್ಷಕವಾಗಿದ್ದರೂ ಬೀಜ ಕಟ್ಟುವುದು ಅಪರೂಪ. ಅದರ ಜೀವಕೋಶಗಳಲ್ಲಿ ವರ್ಣತಂತುಗಳ ಮೂರು ಜೊತೆಗಳಿದ್ದು, ಲಿಂಗಾಣುಗಳ ರಚನೆಯ ವೇಳೆ ಅವು ಸಮನಾಗಿ ಹಂಚಿಕೆಯಾಗದಿರುವುದು ಇದಕ್ಕೆ ಕಾರಣ. ಒಂದೇ ಗೆಡ್ಡೆಯಿಂದ ಬಂದ ಗಿಡಗಳೆಲ್ಲ ಆನುವಂಶಿಕವಾಗಿ ಒಂದೇ ಆಗಿರುವುದರಿಂದ, ಒಂದನ್ನು ತಾಗುವ ರೋಗವು ಇಡೀ ಹೊಲಕ್ಕೆ ಹರಡುವ ಅಪಾಯವಿದೆ.

ತಳಿ ಅಭಿವೃದ್ಧಿಯಲ್ಲಿ ಪಾತ್ರ

ರೈತನಿಗೆ ಬೇಡವಾದ ಕಬ್ಬಿನ ಹೂ ತಳಿವಿಜ್ಞಾನಿಗೆ ಅನಿವಾರ್ಯ. 1912ರಲ್ಲಿ ಆರಂಭವಾದ ಕೊಯಮತ್ತೂರಿನ ಕಬ್ಬು ತಳಿ ಕೇಂದ್ರದಲ್ಲಿ ಬಾರ್ಬರ್ ಮತ್ತು ಟಿ. ಎಸ್. ವೆಂಕಟರಾಮನ್ ಅವರು ನಾಡಕಬ್ಬು ಮತ್ತು ಕಾಡುಕಬ್ಬುಗಳ ಹೂಗಳನ್ನು ಸಂಕರಿಸಿ ಕೋ 205 ತಳಿಯನ್ನು ಪಡೆದರು. ‘ಕೋ’ ಎಂಬುದು ಕೊಯಮತ್ತೂರಿನ ಸಂಕ್ಷೇಪ. ಉತ್ತರ ಕರ್ನಾಟಕದಲ್ಲಿ ವ್ಯಾಪಕವಾಗಿ ಬೆಳೆಯುವ ಕೋ 86032 ಕೂಡ ಇದೇ ಪರಂಪರೆಯದು.

ಹತ್ತಿಯಲ್ಲಿ ಸಂಕರಣವು ಕೈಯಿಂದಲೇ ನಡೆಯುತ್ತದೆ. ಸಂಜೆ ಮೊಗ್ಗಿನ ಕೇಸರಗಳನ್ನು ತೆಗೆದುಹಾಕಿ, ಮರುದಿನ ಬೆಳಿಗ್ಗೆ ಬೇರೊಂದು ತಳಿಯ ಪರಾಗವನ್ನು ಶಲಾಕಾಗ್ರಕ್ಕೆ ಸವರುತ್ತಾರೆ. 1970ರ ದಶಕದ ಆರಂಭದಲ್ಲಿ ಧಾರವಾಡದಲ್ಲಿ ಕಟರಕಿ ಅವರು ರೂಪಿಸಿದ ವರಲಕ್ಷ್ಮೀ ಹತ್ತಿ ಈ ವಿಧಾನದ ಪ್ರಸಿದ್ಧ ಫಲ.

ಜೋಳದ ಹೂಗಳು ಅತಿ ಸಣ್ಣವಾದ್ದರಿಂದ ಕೈಯಿಂದ ಕೇಸರ ತೆಗೆದು ದೊಡ್ಡ ಪ್ರಮಾಣದಲ್ಲಿ ಬೀಜ ಉತ್ಪಾದಿಸಲಾಗದು. ಫಲವಂತ ಪರಾಗವನ್ನೇ ಕೊಡದ ಗಂಡುಬಂಜೆ ಸಾಲುಗಳನ್ನು 1954ರಲ್ಲಿ ಅಮೆರಿಕದಲ್ಲಿ ಸ್ಟೀಫನ್ಸ್ ಮತ್ತು ಹಾಲೆಂಡ್ ವಿವರಿಸಿದ ಮೇಲೆ ಈ ತೊಡಕು ನಿವಾರಣೆಯಾಯಿತು. 1964ರಲ್ಲಿ ಭಾರತದ ಮೊದಲ ಸಂಕರ ಜೋಳ ಸಿ.ಎಸ್.ಎಚ್.-1 ಬಿಡುಗಡೆಯಾಯಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವು 1980ರಲ್ಲಿ ಇದೇ ತತ್ತ್ವದ ಮೇಲೆ ಸಂಕರ ಸೂರ್ಯಕಾಂತಿ ಬಿ.ಎಸ್.ಎಚ್.-1 ಅನ್ನು ಹೊರತಂದಿತು.

ಹೂಬಿಡುವ ಹಂತದ ಅಪಾಯಗಳು

ಹೂವಿನ ಅಂಗಗಳು ಕಾರ್ಯಸಮರ್ಥವಾಗಿರುವ ಅವಧಿ ಅಲ್ಪ. ಮಳೆಯು ಪರಾಗವನ್ನು ತೊಳೆದುಹಾಕುತ್ತದೆ. ತೀವ್ರ ಬಿಸಿಲು ಪರಾಗದ ಜೀವಶಕ್ತಿಯನ್ನು ಕುಂದಿಸಿ ಶಲಾಕಾಗ್ರವನ್ನು ಒಣಗಿಸುತ್ತದೆ. ಮನುಷ್ಯನಿಂದ ಉಂಟಾಗುವ ದೊಡ್ಡ ಅಪಾಯವೆಂದರೆ ಹೂವರಳಿದ ಹೊತ್ತಿನಲ್ಲಿ ಕೀಟನಾಶಕ ಸಿಂಪಡಿಸುವುದು. ಇದರಿಂದ ಜೇನುಗಳು ಸಾಯುತ್ತವೆ, ಅಥವಾ ಆ ಹೊಲವನ್ನು ತೊರೆಯುತ್ತವೆ. ಸೂರ್ಯಕಾಂತಿ ಮತ್ತು ದಾಳಿಂಬೆಯಲ್ಲಿ ಇದರ ಪರಿಣಾಮ ಇಳುವರಿಯಲ್ಲಿಯೇ ಕಾಣಿಸುತ್ತದೆ. ಸಿಂಪರಣೆ ಅನಿವಾರ್ಯವಾದರೆ ಜೇನುಗಳ ಓಡಾಟ ನಿಂತ ಸಂಜೆಯ ಹೊತ್ತಿನಲ್ಲಿ ಮಾಡುವುದು ಹಾನಿಯನ್ನು ತಗ್ಗಿಸುತ್ತದೆ.

ಅಧ್ಯಯನದ ಇತಿಹಾಸ

ಸಸ್ಯಗಳಲ್ಲಿ ಲಿಂಗಭೇದವಿದೆಯೆಂಬುದನ್ನು ಜರ್ಮನಿಯ ಕ್ಯಾಮರೇರಿಯಸ್ 1694ರಲ್ಲಿ ಪ್ರಯೋಗಗಳ ಆಧಾರದಿಂದ ಪ್ರತಿಪಾದಿಸಿದ. ಇಟಲಿಯ ಅಮಿಚಿ 1824ರಲ್ಲಿ ಪರಾಗನಳಿಕೆಯನ್ನು ಗುರುತಿಸಿದ. ಇಮ್ಮಡಿ ನಿಷೇಚನವನ್ನು 1898ರಲ್ಲಿ ನವಾಶಿನ್ ಪ್ರಕಟಿಸಿದ. ಭಾರತದಲ್ಲಿ ಪಂಚಾನನ ಮಾಹೇಶ್ವರಿ ಅವರು ಈ ಶಾಖೆಗೆ ಗಟ್ಟಿಯಾದ ನೆಲೆ ಒದಗಿಸಿದರು. ಹೂಬಿಡುವ ಸಸ್ಯಗಳ ಭ್ರೂಣವಿಜ್ಞಾನದ ಮೇಲಿನ ಅವರ ಗ್ರಂಥ 1950ರಲ್ಲಿ ಹೊರಬಂದಿತು. ಕನ್ನಡಿಗರಲ್ಲಿ ಬಿ. ಜಿ. ಎಲ್. ಸ್ವಾಮಿ (1918–1980) ಅವರು ಆರ್ಕಿಡ್‌ಗಳ ಭ್ರೂಣವಿಜ್ಞಾನ ಕುರಿತು ಸಂಶೋಧನೆ ನಡೆಸಿದುದಲ್ಲದೆ, ಸಸ್ಯವಿಜ್ಞಾನವನ್ನು ಕನ್ನಡದಲ್ಲಿ ಸಾಮಾನ್ಯ ಓದುಗರಿಗೂ ತಲುಪಿಸಿದರು. ಅವರ ‘ಹಸುರು ಹೊನ್ನು’ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಲಭಿಸಿತು.