ಲ್ಯಾಬ್ ಕೆಲಸಕ್ಕೆ ಅರ್ಜಿ ಹಾಕೋದು ಹೇಗೆ? ಹೇಳಿಕೊಡುವ ಸೀನಿಯರ್ ಇಲ್ಲದವರಿಗೆ ಒಂದು ಕೈಪಿಡಿ

ನಾನು ಓದಿದ್ದು ಎಂಜಿನಿಯರಿಂಗ್. ಅಲ್ಲಿ ಕಂಪನಿಗಳೇ ಕ್ಯಾಂಪಸ್ಸಿಗೆ ಬರ್ತಿದ್ದವು. ಜೀವವಿಜ್ಞಾನದಲ್ಲಿ ಎಂಎಸ್ಸಿ ಮಾಡಿದವರಿಗೆ ಆ ಅನುಕೂಲ ಕಡಿಮೆ. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ ಎನ್‌ಸಿಬಿಎಸ್, ಇನ್‌ಸ್ಟೆಮ್‌ನಂಥ ಸಂಸ್ಥೆಗಳಲ್ಲಿ ಕೆಲಸ ಹೇಗೆ ಸಿಗುತ್ತೆ ಅನ್ನೋದು ಹೆಚ್ಚಾಗಿ ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ದಾಟುವ ಮಾಹಿತಿ. ಅಂಥ ಸೀನಿಯರ್‌ಗಳೇ ಇಲ್ಲದ ಕಾಲೇಜಿನಿಂದ ಬಂದವರು ಏನು ಮಾಡಬೇಕು?

ಯಾವ ಹುದ್ದೆ?

ಹೊಸಬರಿಗೆ ಸಿಗುವುದು ಬಹುತೇಕ ಪ್ರಾಜೆಕ್ಟ್ ಹುದ್ದೆಗಳು: ಪ್ರಾಜೆಕ್ಟ್ ಅಸೋಸಿಯೇಟ್, ಜೆಆರ್‌ಎಫ್ ಇತ್ಯಾದಿ. ಲ್ಯಾಬಿನ ಮುಖ್ಯಸ್ಥರು, ಅಂದರೆ ಪಿಐ, ತಂದ ಅನುದಾನದಿಂದ ಇವು ಹುಟ್ಟುತ್ತವೆ. ಅನುದಾನ ಮುಗಿದರೆ ಹುದ್ದೆಯೂ ಮುಗೀತು. ಪ್ರಾಜೆಕ್ಟ್ ಜೆಆರ್‌ಎಫ್ ಆದ ಮಾತ್ರಕ್ಕೆ ಪಿಎಚ್‌ಡಿ ಸೀಟು ಸಿಕ್ಕಂತಲ್ಲ. ಅದಕ್ಕೆ ಪ್ರವೇಶ ಪರೀಕ್ಷೆ, ಸಂದರ್ಶನ ಎಲ್ಲವೂ ಬೇರೆ.

ಸಂಬಳ ಎಷ್ಟು?

ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ 2023ರ ಆದೇಶದ ಪ್ರಕಾರ ಜೆಆರ್‌ಎಫ್‌ಗೆ ತಿಂಗಳಿಗೆ 37,000 ರೂ., ಎಸ್‌ಆರ್‌ಎಫ್‌ಗೆ 42,000 ರೂ., ಜೊತೆಗೆ ಮನೆ ಬಾಡಿಗೆ ಭತ್ಯೆ. ನೆಟ್ ಅಥವಾ ಗೇಟ್ ಇಲ್ಲದಿದ್ದರೆ ಪ್ರಾಜೆಕ್ಟ್ ಅಸೋಸಿಯೇಟ್ ಕೆಲಸಕ್ಕೆ ಸಿಗೋದು ಕಡಿಮೆ. 2020ರ ಆದೇಶದಲ್ಲಿ ಪರೀಕ್ಷೆ ಪಾಸಾದವರಿಗೆ 31,000 ರೂ., ಉಳಿದವರಿಗೆ 25,000 ರೂ. ಇತ್ತು. ಕೆಲಸ ಅದೇ, ಟೇಬಲ್ಲೂ ಅದೇ.

ಅರ್ಜಿಯಲ್ಲಿ ಏನಿರಬೇಕು?

ಮೊದಲು ಆ ಲ್ಯಾಬಿನ ಇತ್ತೀಚಿನ ಎರಡು ಪೇಪರ್ ಓದಿ. ಬಯೋಆರ್ಕೈವ್‌ನಲ್ಲಿ ಎಷ್ಟೋ ಪೇಪರ್‌ಗಳು ಉಚಿತವಾಗಿ ಸಿಗುತ್ತವೆ. ‘ರೆಸ್ಪೆಕ್ಟೆಡ್ ಸರ್’ ಅಂತ ಐವತ್ತು ಜನಕ್ಕೆ ಒಂದೇ ಇಮೇಲ್ ಕಳಿಸಬೇಡಿ. ಪಿಐ ಮೇಡಂ ಕೂಡ ಆಗಿರಬಹುದು! ಅವರ ಹೆಸರು ಬರೆದು, ಅವರ ಯಾವ ಪ್ರಶ್ನೆ ನಿಮಗೆ ಆಸಕ್ತಿ ಹುಟ್ಟಿಸಿತು, ಏಕೆ ಅಂತ ನಾಲ್ಕು ಸಾಲಿನಲ್ಲಿ ಹೇಳಿ. ಸಿವಿಯಲ್ಲಿ ‘ಪಿಸಿಆರ್ ಗೊತ್ತು’ ಅಂದರೆ ಸಾಲದು. ಯಾವ ಪ್ರಯೋಗಕ್ಕೆ ಬಳಸಿದಿರಿ, ಬ್ಯಾಂಡ್ ಬರದಿದ್ದಾಗ ಏನು ಮಾಡಿದಿರಿ ಅನ್ನೋದು ಸಂದರ್ಶನದಲ್ಲಿ ಬರುವ ಪ್ರಶ್ನೆ. ಶಿಫಾರಸಿಗೆ ಹೆಸರು ಕೊಡುವ ಮುಂಚೆ ನಿಮ್ಮ ಮೇಷ್ಟ್ರಿಗೆ ಒಂದು ಮಾತು ಹೇಳಿ. ಉತ್ತರ ಬರದಿದ್ದರೆ ಹತ್ತು ದಿನ ಬಿಟ್ಟು ಒಮ್ಮೆ ನೆನಪಿಸಿ. ಅದು ಪೀಡಿಸಿದಂತೆ ಅಲ್ಲ.

ಸೇರುವ ಮುನ್ನ ಕೇಳಿ

ಅನುದಾನ ಇನ್ನೆಷ್ಟು ತಿಂಗಳಿದೆ? ಸಂಬಳ ಪ್ರತಿ ತಿಂಗಳೂ ಬರುತ್ತಾ? ಪೇಪರ್‌ನಲ್ಲಿ ಹೆಸರು ಬರಲು ಎಷ್ಟು ಕೆಲಸ ಮಾಡಿರಬೇಕು? ಪ್ರವೇಶ ಪರೀಕ್ಷೆಗೆ ಓದಲು ರಜೆ ಸಿಗುತ್ತಾ? ಆ ಲ್ಯಾಬ್ ಬಿಟ್ಟವರ ಹತ್ತಿರವೂ ಮಾತಾಡಿ.

ಮೀಸಲಾತಿ ಎಲ್ಲಿ?

45 ದಿನ ಅಥವಾ ಅದಕ್ಕಿಂತ ಹೆಚ್ಚಿನ ತಾತ್ಕಾಲಿಕ ನೇಮಕಗಳಲ್ಲೂ ಮೀಸಲಾತಿ ಇರಬೇಕು ಎಂದು ಕೇಂದ್ರ ಸರ್ಕಾರ 2022ರಲ್ಲೂ ನೆನಪಿಸಿದೆ. ಆದರೆ ಒಂಟಿ ಹುದ್ದೆಗೆ ಮೀಸಲಾತಿ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 1998ರಲ್ಲೇ ಹೇಳಿದೆ. ಪ್ರಾಜೆಕ್ಟ್ ಜಾಹೀರಾತುಗಳು ಬರೋದೋ, ಒಂದು ಲ್ಯಾಬಿಗೆ ಒಂದು ಹುದ್ದೆ ಅಂತ ಬಿಡಿಬಿಡಿಯಾಗಿ. ಒಂದು ಸಂಸ್ಥೆಯ ಇಂಥ ಹುದ್ದೆಗಳನ್ನೆಲ್ಲ ಒಟ್ಟಿಗೆ ಲೆಕ್ಕ ಹಾಕಿದರೆ ಯಾರಿಗೆ ಎಷ್ಟು ಸಿಕ್ಕಿದೆ? ಇದನ್ನು ಆರ್‌ಟಿಐ ಹಾಕಿ ಕೇಳಬಹುದು. ಅರ್ಜಿ ಶುಲ್ಕ ಹತ್ತೇ ರೂಪಾಯಿ. ಕೆಲಸದ ಅರ್ಜಿಯ ಜೊತೆಗೆ ಈ ಅರ್ಜಿಯನ್ನೂ ಬರೆಯಲು ಕಲಿಯೋಣ.