ಕರಿಕೆ, ಕೆರೆ ಮತ್ತು ಗಾಲ್ಫ್ ಮೈದಾನ: ಒಂದು ಆಟದ ನೆಲದ ಚರಿತ್ರೆ

ಕರ್ನಾಟಕದ ಕ್ರೀಡಾ ಚರಿತ್ರೆಯ ಬರವಣಿಗೆಯಲ್ಲಿ ಕುಸ್ತಿ, ಹಾಕಿ, ಕ್ರಿಕೆಟ್‌ಗಳಿಗೆ ದೊರೆತಿರುವ ಗಮನ ಗಾಲ್ಫ್‌ಗೆ ದೊರೆತಿಲ್ಲ. ಅದು ಕೆಲವೇ ಜನರ ಆಟವೆಂಬುದು ಇದಕ್ಕೆ ಮೇಲುನೋಟದ ಕಾರಣ. ಆದರೆ ಆಡುವವರು ಕಡಿಮೆ ಇದ್ದರೂ ಈ ಆಟವು ಬೇಡುವ ನೆಲ ಬಹಳ. ಹದಿನೆಂಟು ಕುಳಿಗಳ ಒಂದು ಮೈದಾನಕ್ಕೆ ಸಾಮಾನ್ಯವಾಗಿ 100ರಿಂದ 200 ಎಕರೆ ಭೂಮಿ ಬೇಕು. ಆದ್ದರಿಂದ ಗಾಲ್ಫಿನ ಚರಿತ್ರೆಯನ್ನು ಆಟಗಾರರ ಚರಿತ್ರೆಯಾಗಿ ಓದುವುದಕ್ಕಿಂತ ಭೂಮಿಯ ಚರಿತ್ರೆಯಾಗಿ ಓದುವುದು ಹೆಚ್ಚು ಫಲಕಾರಿಯಾದೀತು. ಪ್ರಸ್ತುತ ಪ್ರಬಂಧದಲ್ಲಿ ಗಾಲ್ಫ್ ಮೈದಾನಗಳ ಮುಖ್ಯ ಶೈಲಿಗಳು ಹುಟ್ಟಿದ ಬಗೆ, ಅವು ಕರ್ನಾಟಕದಲ್ಲಿ ನೆಲೆನಿಂತ ಕ್ರಮ ಹಾಗೂ ಸದಲಗಾದಂತಹ ಗಡಿನಾಡಿನ ಎರೆಭೂಮಿಯಲ್ಲಿ ಅವು ಏಕೆ ನೆಲೆನಿಲ್ಲಲಿಲ್ಲ ಎಂಬ ಮೂರು ಸಂಗತಿಗಳನ್ನು ಪರಿಶೀಲಿಸಲಾಗಿದೆ.

1. ಕಡಲಂಚಿನಿಂದ ಉದ್ಯಾನಕ್ಕೆ

ಗಾಲ್ಫ್ ಸ್ಕಾಟ್ಲೆಂಡಿನಲ್ಲಿ ರೂಪುಗೊಂಡ ಆಟ. 1457ರಲ್ಲಿ ಅಲ್ಲಿನ ಸಂಸತ್ತು ಬಿಲ್ಲುವಿದ್ಯೆಯ ಅಭ್ಯಾಸಕ್ಕೆ ಅಡ್ಡಿಯಾಗುತ್ತದೆಂದು ಇದನ್ನು ನಿಷೇಧಿಸಿತ್ತು. ಎಡಿನ್‌ಬರೋ ಸಮೀಪದ ಲೀತ್‌ನಲ್ಲಿ 1744ರಲ್ಲಿ ಹದಿಮೂರು ನಿಯಮಗಳನ್ನು ಬರಹಕ್ಕಿಳಿಸಲಾಯಿತು. ಸೇಂಟ್ ಆಂಡ್ರೂಸ್‌ನಲ್ಲಿ ಒಂದು ಸುತ್ತಿಗಿದ್ದ 22 ಕುಳಿಗಳನ್ನು 1764ರಲ್ಲಿ 18ಕ್ಕೆ ಇಳಿಸಿದರು. ಮುಂದೆ ಅದೇ ಸಂಖ್ಯೆ ಜಗತ್ತಿಗೆಲ್ಲ ಪ್ರಮಾಣವಾಯಿತು.

ಆ ಮೊದಲ ಮೈದಾನಗಳನ್ನು ಯಾರೂ ನಿರ್ಮಿಸಲಿಲ್ಲ. ಕಡಲಿಗೂ ಉಳುಮೆಯ ಭೂಮಿಗೂ ನಡುವೆ ಮರಳುದಿಬ್ಬಗಳ ಒಂದು ಪಟ್ಟಿ ಇರುತ್ತಿತ್ತು. ಬೆಳೆ ಬಾರದ, ಕುರಿ ಮೇಯುವ ಈ ನೆಲವನ್ನು ಸ್ಕಾಟರು ‘ಲಿಂಕ್ಸ್’ ಎಂದು ಕರೆದರು. ಮರಳಿನಲ್ಲಿ ಮಳೆನೀರು ನಿಲ್ಲದ ಕಾರಣ ಮೇಲ್ಮೈ ಗಟ್ಟಿಯಾಗಿ ಉಳಿಯುತ್ತಿತ್ತು, ಚೆಂಡು ಬಹುದೂರ ಉರುಳುತ್ತಿತ್ತು. ಮರಗಳಿಲ್ಲದ ಬಯಲಿನಲ್ಲಿ ಆಟಗಾರನ ಮುಖ್ಯ ಎದುರಾಳಿ ಗಾಳಿ. ಕುರಿಗಳು ಗಾಳಿಗೆ ಮರೆಯಾಗಿ ಮಲಗಿ ಸವೆಸಿದ ಹೊಂಡಗಳೇ ಬಂಕರ್‌ಗಳಾದವೆಂಬ ಪ್ರತೀತಿ ಇದೆ. ಚೆಂಡನ್ನು ತಗ್ಗಾಗಿ, ನೆಲಕ್ಕೆ ಹತ್ತಿರವಾಗಿ ಹೊಡೆಯುವುದು ಲಿಂಕ್ಸ್ ಆಟದ ಜಾಣ್ಮೆ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರೈಲು ಮತ್ತು ಅಗ್ಗದ ಗಟಾಪರ್ಚಾ ಚೆಂಡುಗಳಿಂದಾಗಿ ಆಟವು ಇಂಗ್ಲೆಂಡಿನ ಒಳನಾಡಿಗೆ ಹರಡಿತು. ಅಲ್ಲಿ ಎರಡು ಹೊಸ ಶೈಲಿಗಳು ಬೆಳೆದವು. ಮೊದಲನೆಯದು ಲಂಡನ್ನಿನ ಹೊರವಲಯದ ಕುರುಚಲು ಗಿಡಗಳ ಮರಳುಭೂಮಿಯಲ್ಲಿ ರೂಪುಗೊಂಡ ‘ಹೀತ್‌ಲ್ಯಾಂಡ್’. 1901ರಲ್ಲಿ ತೆರೆದ ಸನ್ನಿಂಗ್‌ಡೇಲ್ ಇದಕ್ಕೆ ಉತ್ತಮ ನಿದರ್ಶನ. ಎರಡನೆಯದು ಜಮೀನ್ದಾರರ ಉದ್ಯಾನಗಳನ್ನು ಹೋಲುವ ‘ಪಾರ್ಕ್‌ಲ್ಯಾಂಡ್’. ಸಾಲುಮರಗಳ ನಡುವಣ ಹಸಿರು ಓಣಿ, ಮೆತ್ತನೆಯ ಹುಲ್ಲು, ತೋಡಿದ ಕೊಳ ಇದರ ಲಕ್ಷಣಗಳು. ಇಲ್ಲಿ ಚೆಂಡು ಉರುಳುವುದಿಲ್ಲ, ಹಾರುತ್ತದೆ, ಬಿದ್ದಲ್ಲೇ ನಿಲ್ಲುತ್ತದೆ. 1933ರಲ್ಲಿ ಆರಂಭವಾದ ಅಮೆರಿಕದ ಆಗಸ್ಟಾ ಮೈದಾನವು ದೂರದರ್ಶನದ ಮೂಲಕ ಈ ಶೈಲಿಯನ್ನು ಜಗತ್ತಿನ ಕಣ್ಣಿಗೆ ಗಾಲ್ಫಿನ ಏಕೈಕ ರೂಪವೆಂಬಂತೆ ಮಾಡಿಬಿಟ್ಟಿತು. ಮರುಭೂಮಿಯಲ್ಲಿ ಹಸಿರು ದ್ವೀಪಗಳನ್ನು ಬಿಡಿಬಿಡಿಯಾಗಿ ಬೆಳೆಸುವ ಶೈಲಿ ಇವೆಲ್ಲಕ್ಕಿಂತ ಈಚಿನದು.

ಈ ಶೈಲಿಗಳ ಅನುಕ್ರಮದಲ್ಲಿ ಒಂದು ಮುಖ್ಯ ಪಲ್ಲಟವಿದೆ. ಲಿಂಕ್ಸ್‌ನಲ್ಲಿ ಆಟವು ನೆಲಕ್ಕೆ ಒಗ್ಗಿಕೊಂಡಿತ್ತು. ಪಾರ್ಕ್‌ಲ್ಯಾಂಡ್‌ನಲ್ಲಿ ನೆಲವನ್ನು ಆಟಕ್ಕೆ ಒಗ್ಗಿಸಲಾಯಿತು. ಕರ್ನಾಟಕದ ಮೈದಾನಗಳನ್ನು ಅರಿಯಲು ಈ ಭೇದವೇ ಕೀಲಿಕೈ.

2. ಕರ್ನಾಟಕದಲ್ಲಿ: ದಂಡು, ಗಣಿ, ತೋಟ, ಅರಮನೆ

ಬ್ರಿಟಿಷ್ ದ್ವೀಪಗಳ ಹೊರಗೆ ಈಗಲೂ ಉಳಿದಿರುವ ಅತಿ ಹಳೆಯ ಗಾಲ್ಫ್ ಕ್ಲಬ್ 1829ರಲ್ಲಿ ಸ್ಥಾಪಿತವಾದ ರಾಯಲ್ ಕಲ್ಕತ್ತಾ. 1876ರಲ್ಲಿ ಸ್ಥಾಪನೆಗೊಂಡ ಬೆಂಗಳೂರು ಗಾಲ್ಫ್ ಕ್ಲಬ್ ಕೂಡ ಆ ಹಿರಿಯ ಸಾಲಿಗೇ ಸೇರುತ್ತದೆ. 1809ರಿಂದ ಬೆಳೆಯುತ್ತ ಬಂದ ಬೆಂಗಳೂರು ದಂಡುಪ್ರದೇಶದ ಅಧಿಕಾರಿವರ್ಗವೇ ಇದರ ಆಧಾರ. 1881ರಲ್ಲಿ ಮೈಸೂರು ರಾಜ್ಯವು ಒಡೆಯರಿಗೆ ಮರಳಿದಾಗಲೂ ದಂಡು ಬ್ರಿಟಿಷರ ಆಡಳಿತದಲ್ಲೇ 1947ರವರೆಗೆ ಮುಂದುವರಿಯಿತು. ಹೈಗ್ರೌಂಡ್ಸ್‌ನ ಎತ್ತರದ ಕೆಂಪುಮಣ್ಣಿನ ನೆಲವು ನೀರನ್ನು ಬೇಗ ಇಂಗಿಸುವಂಥದು. ಇಂದು ನಗರದ ಮಧ್ಯಭಾಗದಲ್ಲಿ ಮರಗಳ ನಡುವೆ ಇಕ್ಕಟ್ಟಾಗಿ ಹಬ್ಬಿರುವ ಈ ಮೈದಾನವನ್ನು ಪಾರ್ಕ್‌ಲ್ಯಾಂಡ್ ಎನ್ನಬಹುದಾದರೂ, ಅದರ ರೂಪವನ್ನು ನಿರ್ಧರಿಸಿದ್ದು ವಿನ್ಯಾಸಕಾರನಿಗಿಂತ ಹೆಚ್ಚಾಗಿ ಸುತ್ತಲಿನ ರಸ್ತೆಗಳು.

ಎರಡನೆಯ ನೆಲೆ ಗಣಿ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿಯ ಆಡಳಿತದಲ್ಲಿ ಬೆಳೆದ ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಅಧಿಕಾರಿಗಳ ಬಂಗಲೆ ಮತ್ತು ಕ್ಲಬ್ಬುಗಳೊಡನೆ ಗಾಲ್ಫ್ ಕೂಡ ಬಂದಿತು. ಭಾರತದ ಇಂತಹ ಒಣ ಪ್ರದೇಶಗಳಲ್ಲಿ ಕುಳಿಯ ಸುತ್ತ ಹುಲ್ಲಿನ ‘ಗ್ರೀನ್’ ಬದಲು ಎಣ್ಣೆ ಬೆರೆಸಿ ಸಮಮಾಡಿದ ಮರಳಿನ ‘ಬ್ರೌನ್’ ಹಾಕುವ ಪದ್ಧತಿ ಇತ್ತು. ನೀರಿಲ್ಲದೆಡೆ ನೀರು ಬೇಡದ ಆಟವನ್ನು ಕಟ್ಟಿಕೊಂಡ ಈ ಕ್ರಮ, ಹೆಸರಿಗೆ ಬಡತನದ್ದಾಗಿ ಕಂಡರೂ, ಲಿಂಕ್ಸ್‌ನ ಮೂಲ ಧರ್ಮಕ್ಕೆ ಪಾರ್ಕ್‌ಲ್ಯಾಂಡಿಗಿಂತ ಹತ್ತಿರವಾದುದು.

ಮೂರನೆಯದು ತೋಟ. ಕೊಡಗಿನ ಮಡಿಕೇರಿ, ಬಿಟ್ಟಂಗಾಲ, ಪೊಲ್ಲಿಬೆಟ್ಟಗಳ ಮೈದಾನಗಳು ಕಾಫಿ ನಾಡಿನ ಏರುತಗ್ಗುಗಳನ್ನೇ ಅನುಸರಿಸುತ್ತವೆ. ಇಲ್ಲಿ ಮುಂಗಾರು ಮಳೆಯೇ ನೀರುಣಿಸುವುದರಿಂದ ಹುಲ್ಲಿಗೆ ಕೊರತೆಯಿಲ್ಲ. ಇಳಿಜಾರಿನಲ್ಲಿ ಚೆಂಡು ಜಾರದಂತೆ ನಿಲ್ಲಿಸುವುದೇ ಕಷ್ಟ. ನಾಲ್ಕನೆಯದು ಅರಮನೆಯ ನೆರಳು. ಮೈಸೂರಿನಲ್ಲಿ ಜಯಚಾಮರಾಜೇಂದ್ರ ಒಡೆಯರ ಹೆಸರನ್ನು ಹೊತ್ತ ಕ್ಲಬ್ಬಿನ ಮೈದಾನವು ಚಾಮುಂಡಿ ಬೆಟ್ಟದ ತಪ್ಪಲಲ್ಲಿ, ಕುದುರೆ ಓಟದ ಮೈದಾನದ ಆವರಣದೊಳಗೆ ಇದೆ. ಒಂದೇ ನೆಲ ಎರಡು ಆಟಗಳಿಗೆ ಸಲ್ಲುವ ಈ ವ್ಯವಸ್ಥೆ ಭೂಮಿಯ ಮಿತಬಳಕೆಯ ದೃಷ್ಟಿಯಿಂದ ಗಮನಾರ್ಹವಾಗಿದೆ.

3. ಕೆರೆಯ ಅಂಗಳದಿಂದ ವಸತಿ ಬಡಾವಣೆಗೆ

ಸ್ವಾತಂತ್ರ್ಯಾನಂತರದ ಘಟ್ಟದಲ್ಲಿ ಪ್ರಮುಖವಾದುದು ಕರ್ನಾಟಕ ಗಾಲ್ಫ್ ಸಂಸ್ಥೆ. 1973ರಲ್ಲಿ ರೂಪುಗೊಂಡ ಈ ಸಂಸ್ಥೆಯ ಮೈದಾನ ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣದ ಸಮೀಪದ ಚಲ್ಲಘಟ್ಟದಲ್ಲಿದೆ. 2012ರ ಇಂಡಿಯನ್ ಓಪನ್ ಪಂದ್ಯಾವಳಿ ಇಲ್ಲಿಯೇ ನಡೆಯಿತು. ಅದೇ ವೇಳೆ, ಬೆಂಗಳೂರು ಕಳೆದುಕೊಂಡ ಕೆರೆಗಳ ಪಟ್ಟಿಗಳಲ್ಲಿ ಚಲ್ಲಘಟ್ಟದ ಹೆಸರೂ ಬರುತ್ತದೆಂಬುದನ್ನು ಚರಿತ್ರಕಾರರು ಮರೆಯುವಂತಿಲ್ಲ. ಆಟಕ್ಕೆ ಹಸಿರು ದೊರೆತ ಜಾಗದಲ್ಲಿ ಊರಿಗೆ ಕೆರೆಯಿತ್ತು. ಬಿಡದಿಯ ಈಗಲ್‌ಟನ್, ನಂದಿಬೆಟ್ಟದ ತಪ್ಪಲಿನ ಗಾಲ್ಫ್‌ಶೈರ್‌ಗಳು ಮುಂದಿನ ಹಂತವನ್ನು ಸೂಚಿಸುತ್ತವೆ. ಇಲ್ಲಿ ಮೈದಾನವು ವಸತಿ ಬಡಾವಣೆಯ ಮತ್ತು ವಿಶ್ರಾಂತಿಧಾಮದ ಅಂಗವಾಗಿದೆ. ಹಸಿರು ನೋಟವೂ ಮಾರಾಟದ ಸರಕಾಗಿದೆ.

ಇನ್ನು ನೀರಿನ ಲೆಕ್ಕ. ಒಂದು ಹೆಕ್ಟೇರಿಗೆ ಒಂದು ಮಿಲಿಮೀಟರ್ ನೀರೆಂದರೆ 10,000 ಲೀಟರ್. ಬೇಸಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ಆರಿಹೋಗುವುದೆಂದು ಇಟ್ಟುಕೊಂಡು, 20 ಹೆಕ್ಟೇರ್ ಹುಲ್ಲನ್ನು ಹಸಿರಾಗಿಡಬೇಕಾದರೆ ದಿನಕ್ಕೆ 10 ಲಕ್ಷ ಲೀಟರ್ ಬೇಕಾಗುತ್ತದೆ. ಕಡಲಂಚಿನ ಮಂಜು ಮತ್ತು ಮಳೆಗಳೇ ಸಾಕಾಗಿದ್ದ ಆಟವು, ತನ್ನ ಶೈಲಿ ಬದಲಾದುದರಿಂದಲೇ ಬಯಲುಸೀಮೆಯಲ್ಲಿ ನೀರಿನ ಪ್ರಶ್ನೆಯಾಯಿತು.

4. ಸದಲಗಾದ ನೆಲದಿಂದ ನೋಡಿದಾಗ

ಚಿಕ್ಕೋಡಿ ತಾಲ್ಲೂಕಿನ ಸದಲಗಾ ದೂಧಗಂಗಾ ತೀರದ ಪಟ್ಟಣ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಈ ಭಾಗದಲ್ಲಿ ಕನ್ನಡ ಮರಾಠಿಗಳೆರಡೂ ಬಳಕೆಯಲ್ಲಿವೆ. 1818ರಲ್ಲಿ ಬೆಳಗಾವಿ ಕೋಟೆ ಬ್ರಿಟಿಷರ ವಶವಾದ ಮೇಲೆ ಜಿಲ್ಲಾ ಕೇಂದ್ರದಲ್ಲಿ ದಂಡುಪ್ರದೇಶ ಬೆಳೆಯಿತು. ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಕಡೆಗೆ ದಂಡೂ ಬರಲಿಲ್ಲ, ಗಣಿಯೂ ಇರಲಿಲ್ಲ, ಕಾಫಿ ತೋಟವೂ ಇರಲಿಲ್ಲ. ಗಾಲ್ಫನ್ನು ಹೊತ್ತು ತಂದ ಮೂರು ವಾಹಕಗಳೂ ಇಲ್ಲದ ಈ ಸೀಮೆಯಲ್ಲಿ ತಾಲೀಮು ಮತ್ತು ಕುಸ್ತಿಕಣ ಬೆಳೆದವು. ಕುಸ್ತಿಗೆ ಬೇಕಾದುದು ಕೆಲವೇ ಅಡಿಗಳ ಹದಗೊಳಿಸಿದ ಮಣ್ಣು. ಕೋಲಿನಿಂದ ಗುರಿಯಿಟ್ಟು ಹೊಡೆಯುವ ಚಿಣಿಫಣಿಗೆ ಅಷ್ಟೂ ಬೇಡ. ಓಣಿ ಅಥವಾ ಒಕ್ಕಣೆ ಮುಗಿದ ಕಣ ಸಾಕು. ಅಲ್ಲಿ ದೂರವನ್ನು ಆಡುವ ಕೋಲಿನಿಂದಲೇ ಅಳೆಯುತ್ತಾರೆ; ಮೈದಾನವೆಂಬ ಪ್ರತ್ಯೇಕ ಆಸ್ತಿಯ ಕಲ್ಪನೆಯೇ ಇಲ್ಲ.

ಮಣ್ಣಿನ ಕಾರಣವೂ ಇದೆ. ಕೃಷ್ಣಾ ಕಣಿವೆಯ ಎರೆಮಣ್ಣು ಮಳೆಗೆ ಉಬ್ಬಿ ಅಂಟಾಗುತ್ತದೆ, ಬೇಸಗೆಯಲ್ಲಿ ಬಾಯ್ತೆರೆದು ಬಿರಿಯುತ್ತದೆ. ನೀರು ಇಂಗದ, ಮೇಲ್ಮೈ ಸಮವಾಗಿ ನಿಲ್ಲದ ಈ ಮಣ್ಣು ಲಿಂಕ್ಸ್‌ನ ಮರಳಿಗೆ ನೇರ ವಿರುದ್ಧವಾದುದು. ಇಂತಹ ನೆಲದಲ್ಲಿ ಗ್ರೀನ್ ಮಾಡಬೇಕಾದರೆ, 1960ರಲ್ಲಿ ಅಮೆರಿಕದ ಗಾಲ್ಫ್ ಸಂಸ್ಥೆ ಪ್ರಕಟಿಸಿದ ಕ್ರಮದಂತೆ, ಜಲ್ಲಿಯ ಹಾಸಿನ ಮೇಲೆ ಸುಮಾರು 30 ಸೆಂಟಿಮೀಟರ್ ಮರಳುಮಣ್ಣನ್ನು ಬೇರೆಡೆಯಿಂದ ತಂದು ತುಂಬಬೇಕು. ಎಂದರೆ ಎರೆಯ ಮೇಲೆ ಒಂದು ಕಡಲಂಚನ್ನು ಕೃತಕವಾಗಿ ಹಾಸಬೇಕು.

ಈ ಹೋಲಿಕೆಯಲ್ಲಿ ಅತ್ಯಂತ ಅರ್ಥಪೂರ್ಣವಾದುದು ಹುಲ್ಲಿನ ಸಂಗತಿ. ಉಷ್ಣವಲಯದ ಗಾಲ್ಫ್ ಮೈದಾನಗಳ ಜೀವಾಳವಾದ ‘ಬರ್ಮುಡಾ’ ಹುಲ್ಲು ಬೇರೇನೂ ಅಲ್ಲ. ನಾವು ಗಣಪತಿಗೆ ಏರಿಸುವ ಗರಿಕೆ, ಉತ್ತರ ಕರ್ನಾಟಕದ ಕರಿಕೆ. ಅಮೆರಿಕದ ಜಾರ್ಜಿಯಾ ರಾಜ್ಯದ ಟಿಫ್ಟನ್‌ನಲ್ಲಿ ಈ ಕರಿಕೆಯನ್ನು ಆಫ್ರಿಕಾದ ಸೋದರ ತಳಿಯೊಂದಿಗೆ ಕೂಡಿಸಿ ಪಡೆದ ಟಿಫ್‌ಗ್ರೀನ್ 1956ರಲ್ಲಿ, ಅದರಿಂದ ಬಂದ ಟಿಫ್‌ಡ್ವಾರ್ಫ್ 1965ರಲ್ಲಿ ಬಿಡುಗಡೆಯಾದವು. ಆದರೆ ಎರೆಸೀಮೆಯ ಒಕ್ಕಲಿಗನಿಗೆ ಕರಿಕೆ ಹೊಲದ ಶತ್ರು. ಆಳಕ್ಕೆ ಬೇರಿಳಿಸುವ ಅದನ್ನು ಕೀಳಲು ಹಲವು ಜೋಡಿ ಎತ್ತು ಕಟ್ಟಿದ ದೊಡ್ಡ ನೇಗಿಲು ಬೇಕಾಗುತ್ತಿತ್ತು. ಆಳುಗಳು ಬೇಸಗೆಯುದ್ದಕ್ಕೂ ಅಗೆಯಬೇಕಾಗುತ್ತಿತ್ತು. ಬೆಳಗಾವಿಯಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರರು ಕಬ್ಬಿಣದ ನೇಗಿಲು ತಯಾರಿಸಲು ತೊಡಗಿ, 1910ರಲ್ಲಿ ತಮ್ಮ ಕಾರ್ಖಾನೆಯನ್ನು ಔಂಧ ಸಂಸ್ಥಾನದ ನೆಲಕ್ಕೆ ಸಾಗಿಸಿದ್ದು ಪ್ರಸಿದ್ಧ ಸಂಗತಿ. ಆ ನೇಗಿಲಿಗೆ ಎರೆಸೀಮೆಯಲ್ಲಿ ಬೆಲೆ ಬಂದುದಕ್ಕೆ ಕರಿಕೆಯಂತಹ ಕಳೆಯೂ ಒಂದು ಕಾರಣ. ಒಂದೇ ಹುಲ್ಲು ಒಂದೆಡೆ ಪೂಜೆಗೆ, ಒಂದೆಡೆ ಕೀಳುವುದಕ್ಕೆ, ಮತ್ತೊಂದೆಡೆ ನೀರುಣಿಸಿ ಸಾಕುವುದಕ್ಕೆ ಸಲ್ಲುತ್ತದೆ.

ಹಾಗೆಂದು ಗಾಲ್ಫಿನ ಹುಲ್ಲೊಂದೇ ನೀರು ಕುಡಿಯುತ್ತದೆಂದು ತೀರ್ಮಾನಿಸುವುದು ನ್ಯಾಯವಲ್ಲ. ಇಂದು ಸದಲಗಾದ ಸುತ್ತಲೂ ಹಬ್ಬಿರುವ ಕಬ್ಬು ಒಂದು ಬೆಳೆಗೆ 1500ರಿಂದ 2500 ಮಿಲಿಮೀಟರ್ ನೀರನ್ನು ಬೇಡುತ್ತದೆ. ಎಕರೆಯಿಂದ ಎಕರೆಗೆ ಅಳೆದರೆ ಕಬ್ಬು ಹುಲ್ಲಿಗಿಂತ ಕಡಿಮೆ ಬಾಯಾರಿಕೆಯದಲ್ಲ. ವ್ಯತ್ಯಾಸವಿರುವುದು ಆ ನೀರಿನ ಫಲ ಯಾರಿಗೆ ಸೇರುತ್ತದೆ, ಆ ನೆಲದೊಳಗೆ ಯಾರು ಕಾಲಿಡಬಹುದು ಎಂಬಲ್ಲಿ.

5. ಬೇಲಿಯ ಬಾಗಿಲು

ಈ ಎರಡನೆಯ ಪ್ರಶ್ನೆಗೆ ಕರ್ನಾಟಕದ ಗಾಲ್ಫ್ ಚರಿತ್ರೆಯೇ ಕೆಲವು ಉತ್ತರಗಳನ್ನು ಕೊಟ್ಟಿದೆ. ಸೇಂಟ್ ಆಂಡ್ರೂಸ್‌ನ ಹಳೆಯ ಮೈದಾನವು ಇಂದಿಗೂ ಸಾರ್ವಜನಿಕ ಭೂಮಿ. ಭಾನುವಾರಗಳಂದು ಸಾಮಾನ್ಯವಾಗಿ ಅಲ್ಲಿ ಆಟ ನಿಂತು ಊರಿನವರು ಅಡ್ಡಾಡುತ್ತಾರೆ. ಭಾರತದಲ್ಲಿ ಆಟವು ಕ್ಲಬ್ಬಿನ ಬೇಲಿಯೊಳಗೆ ಬೆಳೆಯಿತು. ಬಡವನಿಗೆ ತೆರೆದಿದ್ದ ಬಾಗಿಲು ಪರರ ಚೀಲ ಹೊರುವ ಕ್ಯಾಡಿಯ ಕೆಲಸವೊಂದೇ. ಆ ಬಾಗಿಲಿನಿಂದ ಬಂದ ಬೆಂಗಳೂರಿನ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಬಿಡದಿ ಸಮೀಪದ ಹಳ್ಳಿಯ ಎಸ್. ಚಿಕ್ಕರಂಗಪ್ಪ ಊರ ಮಗ್ಗುಲಲ್ಲೇ ತಲೆಯೆತ್ತಿದ ಮೈದಾನದಲ್ಲಿ ಬಾಲ್ಯದಲ್ಲಿ ಆಟ ಕಲಿತು ವೃತ್ತಿಪರ ಆಟಗಾರರಾದರು. 1998ರಲ್ಲಿ ಬೆಂಗಳೂರಿನಲ್ಲಿ ಜನಿಸಿ ಚಲ್ಲಘಟ್ಟದ ಮೈದಾನದಲ್ಲಿ ಆಟ ಕಲಿತ ಅದಿತಿ ಅಶೋಕ್ 2016ರ ರಿಯೋ, 2021ರಲ್ಲಿ ನಡೆದ ಟೋಕಿಯೋ ಹಾಗೂ 2024ರ ಪ್ಯಾರಿಸ್ ಒಲಿಂಪಿಕ್ಸ್‌ಗಳಲ್ಲಿ ಆಡಿದರು. ಟೋಕಿಯೋದಲ್ಲಿ ನಾಲ್ಕನೆಯ ಸ್ಥಾನ ಪಡೆದರು. ಸ್ವಲ್ಪವೇ ತೆರೆದ ಬಾಗಿಲಿನಿಂದ ಇಷ್ಟು ಸಾಧ್ಯವಾಯಿತೆಂಬುದು, ಬಾಗಿಲು ಇನ್ನಷ್ಟು ತೆರೆಯಬೇಕೆಂಬುದಕ್ಕೆ ಸಾಕಷ್ಟು ಪ್ರಮಾಣ.

ಒಟ್ಟಿನಲ್ಲಿ, ಗಾಲ್ಫ್ ಮೈದಾನದ ಶೈಲಿ ಕೇವಲ ಅಲಂಕಾರದ ವಿಷಯವಲ್ಲ. ದಂಡು, ಗಣಿ, ತೋಟ, ಅರಮನೆ, ಕೆರೆ, ಬಡಾವಣೆ ಎಂಬ ಆರು ಬಗೆಯ ಭೂಸಂಬಂಧಗಳು ಕರ್ನಾಟಕದ ಮೈದಾನಗಳಲ್ಲಿ ಪದರಪದರವಾಗಿ ಉಳಿದಿವೆ. ಬಯಲುಸೀಮೆಗೆ ಹೊಂದುವ ಶೈಲಿಯನ್ನು ಆಗಸ್ಟಾದ ಹಸಿರಿನಲ್ಲಿ ಹುಡುಕುವುದಕ್ಕಿಂತ, ಹಳೆಯ ಬ್ರೌನ್‌ಗಳ ಮಿತವ್ಯಯದಲ್ಲಿಯೂ ಓಟದ ಮೈದಾನವನ್ನು ಹಂಚಿಕೊಂಡ ಮೈಸೂರಿನ ಮಾದರಿಯಲ್ಲಿಯೂ ಹುಡುಕುವುದು ಉಚಿತ. ಕ್ಲಬ್ಬುಗಳ ದಾಖಲೆಗಳು, ಗುತ್ತಿಗೆ ಪತ್ರಗಳು ಹಾಗೂ ಹಳೆಯ ಭೂಮಾಪನ ನಕ್ಷೆಗಳನ್ನು ಒಟ್ಟಿಗಿಟ್ಟು ಈ ಚರಿತ್ರೆಯನ್ನು ವಿವರವಾಗಿ ಬರೆಯುವ ಕಾರ್ಯ ಸಂಶೋಧಕರ ಮುಂದಿದೆ. ಆ ಬರವಣಿಗೆಯಲ್ಲಿ ಗೆದ್ದವರ ಹೆಸರುಗಳೊಂದಿಗೆ, ಮೈದಾನವಾಗುವ ಮೊದಲು ಆ ನೆಲ ಏನಾಗಿತ್ತು, ಅದನ್ನು ಯಾರು ಉಪಯೋಗಿಸುತ್ತಿದ್ದರು ಎಂಬುದಕ್ಕೂ ಸ್ಥಾನ ದೊರೆಯಬೇಕು.