ತಿಂಗಳ ಮಾತ್ರೆ ತಪ್ಪಿದರೆ ಯಾರಿಗೆ ಗೊತ್ತಾಗುತ್ತದೆ?

ಬಿಪಿ, ಶುಗರ್, ಥೈರಾಯ್ಡ್, ಫಿಟ್ಸ್. ಊರಿನ ಯಾವ ಬೀದಿಗೆ ಹೋದರೂ ಇವುಗಳಲ್ಲಿ ಒಂದಕ್ಕೆ ಮಾತ್ರೆ ನುಂಗುವವರು ಸಿಗುತ್ತಾರೆ. ಜ್ವರದ ಮಾತ್ರೆಯಾದರೆ ಮೂರು ದಿನಕ್ಕೆ ಮುಗಿಯಿತು. ಇವು ಹಾಗಲ್ಲ, ಇಂದು ತಂದದ್ದು ಮುಂದಿನ ತಿಂಗಳು ಮತ್ತೆ ಬೇಕು, ಅದರ ಮುಂದಿನ ತಿಂಗಳೂ ಬೇಕು. ಮಗಳು ಬೆಂಗಳೂರಿನಿಂದ ಫೋನಿನಲ್ಲಿ ಆರ್ಡರ್ ಹಾಕುತ್ತಾಳೆ. ಡೆಲಿವರಿ ಹುಡುಗ ತಾಲೂಕು ಕೇಂದ್ರದಿಂದ ಫೋನ್ ಮಾಡಿ, "ನಿಮ್ಮೂರಿಗೆ ಬರಲ್ಲ, ಬಸ್ ಸ್ಟ್ಯಾಂಡಿಗೆ ಬಂದು ತಗೊಂಡು ಹೋಗಿ" ಅನ್ನುತ್ತಾನೆ. ಎಪ್ಪತ್ತು ವರ್ಷದ ಅಪ್ಪ ಬಸ್ಸು ಹತ್ತಬೇಕು. ಅಷ್ಟಾದರೆ ಮನೆಗೆ ಬಂದದ್ದೇನು?

ಯಾವುದು ನಂಬಿಕಸ್ಥ ಸೇವೆ ಅಂತ ನಮ್ಮನ್ನು ಕೇಳುವವರು ಹೆಚ್ಚಾಗಿದ್ದಾರೆ. ಒಂದು ಆ್ಯಪಿನ ಹೆಸರು ಹೇಳಿ ಮುಗಿಸಬಹುದಿತ್ತು. ಆದರೆ ಔಷಧಿ ಹಳ್ಳಿ ಬಾಗಿಲಿಗೆ ಬರುವುದು ಈಗ ಶುರುವಾದ ಸಂಗತಿಯಲ್ಲ, 130 ವರ್ಷದ ಹಿಂದಿನಿಂದ ನಡೆದಿದೆ. ಅಂಚೆಯವರು ಕೊಟ್ಟಿದ್ದಾರೆ, ಟಿಬಿ ಕಾರ್ಯಕರ್ತರು ಕೊಟ್ಟಿದ್ದಾರೆ, ಆಶಾ ಅಕ್ಕ ಕೊಟ್ಟಿದ್ದಾರೆ, ಬಸ್ಸಿನ ಕಂಡಕ್ಟರೂ ತಂದುಕೊಟ್ಟಿದ್ದಾರೆ. ಆ ಕಥೆಯನ್ನು ಒಮ್ಮೆ ನೋಡಿದರೆ ನಂಬಿಕೆ ಎಲ್ಲಿಂದ ಬರುತ್ತದೆ ಅನ್ನುವುದು ಕಾಣುತ್ತದೆ. ನಮಗೆ ಕಂಡದ್ದನ್ನು ಮೊದಲೇ ಹೇಳಿಬಿಡುತ್ತೇವೆ: ಮಾತ್ರೆ ಹೊತ್ತು ತರುವವರು ಯಾರು ಅನ್ನುವುದಕ್ಕಿಂತ, ಮಾತ್ರೆ ತಲುಪದ ದಿನ ಅದು ಯಾರಿಗಾದರೂ ಗೊತ್ತಾಗುತ್ತದೆಯೇ ಅನ್ನುವುದು ದೊಡ್ಡದು.

ಕಾಲಾಣೆಯ ಪೊಟ್ಟಣದಿಂದ ಶುರು ಮಾಡೋಣ. ಮಲೇರಿಯಾಕ್ಕೆ ಆಗ ಇದ್ದ ಮದ್ದು ಕ್ವಿನೈನ್. ಸಿಂಕೋನಾ ಮರದ ತೊಗಟೆಯಿಂದ ತೆಗೆಯುವ ಕಹಿ ಪುಡಿ. ದಕ್ಷಿಣ ಅಮೆರಿಕದ ಈ ಮರವನ್ನು ಬ್ರಿಟಿಷರು 1860ರ ಸುಮಾರಿಗೆ ತಂದು ನಮ್ಮ ಪಕ್ಕದ ನೀಲಗಿರಿಯಲ್ಲೂ, ಆಮೇಲೆ ಡಾರ್ಜಿಲಿಂಗ್ ಬೆಟ್ಟಗಳಲ್ಲೂ ಬೆಳೆಸಿದರು. ಪುಡಿ ತಯಾರಾಯಿತು, ಹಳ್ಳಿಗೆ ಮುಟ್ಟಿಸುವುದು ಹೇಗೆ? ಆಸ್ಪತ್ರೆಗಳು ಬೆರಳೆಣಿಕೆಯಷ್ಟು. ಆದರೆ ಅಂಚೆ ಕಚೇರಿ ದೂರದ ಊರುಗಳಲ್ಲೂ ಇತ್ತು. 1892ರಲ್ಲಿ ಬಂಗಾಳ ಪ್ರಾಂತ್ಯದಲ್ಲಿ ಅಂಚೆ ಕಚೇರಿಗಳಲ್ಲಿ ಕ್ವಿನೈನ್ ಮಾರಲು ಶುರು ಮಾಡಿದರು. ಒಂದು ಹೊತ್ತಿಗಾಗುವಷ್ಟು ಪುಡಿಯ ಪುಟ್ಟ ಪೊಟ್ಟಣ, ಬೆಲೆ ಆಗಿನ ಒಂದು ಪೈಸೆ, ಅಂದರೆ ಕಾಲಾಣೆ. ಮುಂದೆ ಈ ಪದ್ಧತಿ ಬೇರೆ ಪ್ರಾಂತ್ಯಗಳಿಗೂ ಹಬ್ಬಿತು.

ಜಾಣ ಉಪಾಯ, ಅನುಮಾನವೇ ಇಲ್ಲ. ಆದರೆ ಅಂಚೆಯವರ ಲೆಕ್ಕ ಎಷ್ಟು ಪೊಟ್ಟಣ ಹೋಯಿತು, ಎಷ್ಟು ಕಾಸು ಬಂತು ಅನ್ನುವುದರದು. ಒಂದು ಪೊಟ್ಟಣ ಕೊಂಡವರು ಎರಡನೆಯದಕ್ಕೆ ಬರಲಿಲ್ಲವೆಂದರೆ ಜ್ವರ ಬಿಟ್ಟಿತೋ, ಕಾಸಿಲ್ಲವೋ, ಜೀವವೇ ಹೋಯಿತೋ ಎಂದು ಕೇಳುವುದು ಅವರ ಕೆಲಸದಲ್ಲಿ ಸೇರಿರಲಿಲ್ಲ. ಔಷಧಿ ಊರಿಗೆ ಬಂತು, ರೋಗಿಯ ಹೆಸರು ಯಾವ ಪುಸ್ತಕದಲ್ಲೂ ಬರಲಿಲ್ಲ.

ನಮ್ಮ ಅಜ್ಜ ಅಜ್ಜಿಯರಿಗೆ ನೆನಪಿರುವುದು ಇನ್ನೊಂದು ದೃಶ್ಯ, ಸರ್ಕಾರಿ ಡಿಸ್ಪೆನ್ಸರಿಯ ಕಾಂಪೌಂಡರ್. ಬಾಟಲಿಯನ್ನು ಮನೆಯಿಂದಲೇ ತೊಳೆದು ಒಯ್ಯಬೇಕು. ಅವರು ಅದಕ್ಕೆ ಬಣ್ಣದ ಮಿಕ್ಸ್‌ಚರ್ ತುಂಬಿ, ಪಕ್ಕಕ್ಕೆ ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸುತ್ತಿದ್ದರು. ಒಂದು ಹಲ್ಲು ಒಂದು ಹೊತ್ತಿಗೆ. ಓದು ಬರದವರಿಗೂ ಎಷ್ಟು ಕುಡಿದೆ, ಎಷ್ಟು ಉಳಿಯಿತು ಎಂದು ಗೊತ್ತಾಗುತ್ತಿತ್ತು. ಇಂದಿನ ಎಷ್ಟೋ ಮಾತ್ರೆ ಹಾಳೆಗಳಿಗಿಂತ ಅದು ವಾಸಿ ಅನ್ನಿಸುತ್ತದೆ.

ಮನೆಯಲ್ಲೇ ಇದ್ದು ತಿಂಗಳುಗಟ್ಟಲೆ ಔಷಧಿ ತೆಗೆದುಕೊಂಡು ದೊಡ್ಡ ಕಾಯಿಲೆ ವಾಸಿ ಮಾಡಿಕೊಳ್ಳಬಹುದು ಎಂದು ಜಗತ್ತಿಗೆ ತೋರಿಸಿದ್ದು ಟಿಬಿ. ತೋರಿಸಿದ ಜಾಗ ಪಕ್ಕದ ಮದ್ರಾಸು. ಅಲ್ಲಿಯವರೆಗೆ ಟಿಬಿ ಅಂದರೆ ಸ್ಯಾನಿಟೋರಿಯಂ. ಮೈಸೂರಿನ ಪಿಕೆಟಿಬಿಯಂಥ ಕಡೆ ತಿಂಗಳುಗಟ್ಟಲೆ ಮಲಗಬೇಕು, ಒಳ್ಳೆಯ ಗಾಳಿ, ಒಳ್ಳೆಯ ಊಟ. ದುಡಿಯುವವರೇ ಮಲಗಿದರೆ ಮನೆ ನಡೆಯುವುದು ಹೇಗೆ? ಇಷ್ಟಕ್ಕೂ ದೇಶದ ರೋಗಿಗಳಿಗೆಲ್ಲ ಸಾಲುವಷ್ಟು ಹಾಸಿಗೆಗಳೇ ಇರಲಿಲ್ಲ.

1956ರಲ್ಲಿ ಮದ್ರಾಸಿನಲ್ಲಿ ಟಿಬಿ ಚಿಕಿತ್ಸಾ ಸಂಶೋಧನೆಯ ಕೇಂದ್ರವೊಂದು ಶುರುವಾಯಿತು. ಐಸಿಎಂಆರ್, ಮದ್ರಾಸ್ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಕೈಜೋಡಿಸಿದ್ದವು. 193 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಸ್ಯಾನಿಟೋರಿಯಂ. ಇನ್ನೊಂದು ಗುಂಪು ತಮ್ಮ ಕಿಕ್ಕಿರಿದ ಮನೆಗಳಲ್ಲೇ ಇದ್ದು, ವಾರಕ್ಕೊಮ್ಮೆ ಕೇಂದ್ರಕ್ಕೆ ಬಂದು ಮಾತ್ರೆ ಒಯ್ಯಬೇಕು. ಇಬ್ಬರಿಗೂ ಅದೇ ಔಷಧಿ, ಒಂದು ವರ್ಷ. 1959ರಲ್ಲಿ ಫಲಿತಾಂಶ ಬಂದಾಗ ಎರಡು ಗುಂಪುಗಳಲ್ಲೂ ವಾಸಿಯಾದವರ ಪ್ರಮಾಣ ಹತ್ತಿರ ಹತ್ತಿರವೇ ಇತ್ತು. ಮನೆಯವರಿಗೆ ರೋಗ ಹೆಚ್ಚಾಗಿ ಅಂಟಿತು ಎಂದೂ ಕಾಣಲಿಲ್ಲ. ಸ್ಯಾನಿಟೋರಿಯಂಗಳ ಕಾಲ ಮುಗಿಯಲು ಈ ಅಧ್ಯಯನ ದೊಡ್ಡ ಕಾರಣವಾಯಿತು.

ಇದರಲ್ಲಿ ಜನ ಹೆಚ್ಚು ಹೇಳದ ಒಂದು ಸಂಗತಿ ಇದೆ. ಮದ್ರಾಸಿನವರು ಮಾತ್ರೆ ಕೊಟ್ಟು ಸುಮ್ಮನಾಗಲಿಲ್ಲ. ಹೇಳದೆ ಕೇಳದೆ ಮನೆಗೆ ಹೋಗಿ ಉಳಿದ ಮಾತ್ರೆ ಎಣಿಸುತ್ತಿದ್ದರು, ಮೂತ್ರ ಪರೀಕ್ಷೆ ಮಾಡಿ ಔಷಧಿ ಒಳಗೆ ಹೋಗಿದೆಯೇ ಎಂದು ನೋಡುತ್ತಿದ್ದರು. ಕೇಂದ್ರಕ್ಕೆ ಬರದವರನ್ನು ಹುಡುಕಿಕೊಂಡು ಹೋಗುತ್ತಿದ್ದರು. ಮನೆ ಚಿಕಿತ್ಸೆ ಗೆದ್ದದ್ದು ಆ ಓಡಾಟದ ಜೊತೆಗೆ.

ಮುಂದಿನ ಹೆಜ್ಜೆ ನಮ್ಮ ನೆಲದ್ದು. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು. ಅಲ್ಲಿನ ಸ್ಟಿಗ್ ಆಂಡರ್ಸನ್ ಮತ್ತು ಡಿ. ಬ್ಯಾನರ್ಜಿ ತುಮಕೂರು ಜಿಲ್ಲೆಯ ಜನರನ್ನು ಕಂಡು ಮಾತಾಡಿಸಿ, 1963ರಲ್ಲಿ ಅಧ್ಯಯನ ಪ್ರಕಟಿಸಿದರು. ಹಳ್ಳಿಯವರಿಗೆ ಕಾಯಿಲೆಯ ಅರಿವಿಲ್ಲ, ಕರೆದರೂ ಬರುವುದಿಲ್ಲ ಎಂಬ ಮಾತು ಆಗಲೂ ಇತ್ತು. ತುಮಕೂರಿನಲ್ಲಿ ಕಂಡದ್ದೇ ಬೇರೆ. ಟಿಬಿ ಇದ್ದವರಲ್ಲಿ ಹೆಚ್ಚಿನವರಿಗೆ ತಮಗೇನೋ ಆಗಿದೆ ಎಂದು ಗೊತ್ತಿತ್ತು, ಅರ್ಧದಷ್ಟು ಜನ ಆಗಲೇ ಆಸ್ಪತ್ರೆಗೂ ಹೋಗಿ ಬಂದಿದ್ದರು. ಅಲ್ಲಿ ಸಿಕ್ಕಿದ್ದು ಕೆಮ್ಮಿನ ಬಾಟಲಿ. ಜನ ಬಂದಿದ್ದರು, ವ್ಯವಸ್ಥೆ ಅವರನ್ನು ಗುರುತಿಸಲಿಲ್ಲ. ಹಳ್ಳಿಯವರ ಮೇಲೆ ತಪ್ಪು ಹೊರಿಸುವ ಮಾತು ಕೇಳಿದಾಗಲೆಲ್ಲ ನಮಗೆ ಈ ತುಮಕೂರಿನ ಕೆಲಸ ನೆನಪಾಗುತ್ತದೆ.

ಆ ಸಂಸ್ಥೆಯೇ 1962ರ ರಾಷ್ಟ್ರೀಯ ಟಿಬಿ ಕಾರ್ಯಕ್ರಮದ ರೂಪುರೇಷೆ ಮಾಡಿತು. ಟಿಬಿಗೇ ಬೇರೆ ಆಸ್ಪತ್ರೆ ಬೇಡ, ಹತ್ತಿರದ ಸಾಮಾನ್ಯ ಆಸ್ಪತ್ರೆಯಲ್ಲೇ ತಿಂಗಳ ಮಾತ್ರೆ ಸಿಗಲಿ ಎಂದಿತು. ರೋಗಿಯ ಕಾರ್ಡಿನಲ್ಲಿ ಮುಂದಿನ ತಾರೀಖು ಬರೆದಿರಬೇಕು, ಆ ತಾರೀಖಿಗೆ ಬರದಿದ್ದರೆ ಕಾಗದ ಹಾಕಬೇಕು, ಆಮೇಲೂ ಬರದಿದ್ದರೆ ಮನೆಗೆ ಹೋಗಬೇಕು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಂದೂ ಕಡಿಮೆ. ಆದರೆ ಮನೆಗೆ ಹೋಗಬೇಕಾದವರಿಗೆ ಬೇರೆ ಹತ್ತು ಕೆಲಸ ಇದ್ದವು. ಔಷಧಿಯೂ ಎಲ್ಲ ತಿಂಗಳು ಇರುತ್ತಿರಲಿಲ್ಲ. ಶುರು ಮಾಡಿದವರಲ್ಲಿ ಬಹಳ ಜನ ನಡುವೆ ಬಿಟ್ಟರು.

ಅದಕ್ಕೆ ಉತ್ತರವಾಗಿ 1990ರ ದಶಕದಲ್ಲಿ ಡಾಟ್ಸ್ ಬಂತು. ವಾರಕ್ಕೆ ಮೂರು ದಿನ, ಇನ್ನೊಬ್ಬರ ಕಣ್ಣೆದುರೇ ನುಂಗಬೇಕು. ಕೂಲಿ ಬಿಟ್ಟು ಹೋಗಬೇಕಾದ ರೋಗಿಗಳಿಗೆ ಇದು ಕಷ್ಟ ಕೊಟ್ಟಿತು, ನಿಜ. ಆದರೆ ಅದರಲ್ಲಿದ್ದ ಒಂದು ರಟ್ಟಿನ ಡಬ್ಬಿಯನ್ನು ನಾವು ಮರೆಯಬಾರದು. ಚಿಕಿತ್ಸೆ ಶುರುವಾದ ದಿನವೇ ರೋಗಿಯ ಹೆಸರು ಬರೆದು, ಅಷ್ಟೂ ತಿಂಗಳ ಮಾತ್ರೆಯನ್ನು ಒಂದೇ ಡಬ್ಬಿಯಲ್ಲಿ ತೆಗೆದಿಡುತ್ತಿದ್ದರು. ಹೊಸ ರೋಗಿಗೆ ಕೆಂಪು ಡಬ್ಬಿ, ಮರುಚಿಕಿತ್ಸೆಗೆ ನೀಲಿ. ಉಗ್ರಾಣ ಖಾಲಿಯಾದರೂ ಆ ಡಬ್ಬಿ ಆ ರೋಗಿಯದೇ. 2017ರ ನಂತರ ದಿನವೂ ನುಂಗುವ ಮಾತ್ರೆ ಬಂತು. ಚಿಕಿತ್ಸೆ ಸುಧಾರಿಸಿತು, ಡಬ್ಬಿ ಹೋಯಿತು. 2024ರ ಮಾರ್ಚ್‌ನಲ್ಲಿ ಟಿಬಿ ಔಷಧಿ ಸಾಲದೆ ಬಂದು, ಮೂರು ತಿಂಗಳಿಗಾಗುವಷ್ಟನ್ನು ನೀವೇ ಕೊಂಡುಕೊಳ್ಳಿ ಎಂದು ಕೇಂದ್ರ ಸರ್ಕಾರ ರಾಜ್ಯಗಳಿಗೆ ಪತ್ರ ಬರೆಯಬೇಕಾಯಿತು. ಆಗ ಡಬ್ಬಿ ಇದ್ದಿದ್ದರೆ, ಅರ್ಧ ದಾರಿಯಲ್ಲಿದ್ದವರ ಮಾತ್ರೆಯಾದರೂ ಉಳಿದಿರುತ್ತಿತ್ತು ಎಂದು ನಮ್ಮ ಅನಿಸಿಕೆ.

ಫಿಟ್ಸ್ ಮತ್ತು ಮಾನಸಿಕ ಕಾಯಿಲೆಯ ಮಾತ್ರೆಗಳ ಕಥೆಯಲ್ಲೂ ಕರ್ನಾಟಕ ಮುಂದಿತ್ತು. ಬೆಂಗಳೂರಿನ ನಿಮ್ಹಾನ್ಸ್ ಸಕಲವಾರದ ಗ್ರಾಮೀಣ ಕೇಂದ್ರದಲ್ಲಿ ಕಲಿತದ್ದನ್ನು 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ದೊಡ್ಡದಾಗಿ ಮಾಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು, ಮಾತ್ರೆ ಅಲ್ಲೇ ಸಿಗುವ ಹಾಗೆ ಮಾಡಿದರು. ಬಳ್ಳಾರಿಯ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಫಿಟ್ಸ್ ಮಾತ್ರೆ ಒಮ್ಮೆಲೇ ನಿಂತರೆ ಫಿಟ್ಸ್ ಮತ್ತೆ ಬರುತ್ತದೆ. ಒಲೆಯ ಮುಂದೆಯೋ ಬಾವಿ ಕಟ್ಟೆಯಲ್ಲೋ ಬಂದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಇನ್ನು ಫೋನಿನ ಕಾಲ. ನಮ್ಮ ಔಷಧಿ ಕಾನೂನು 1940ರದು, ನಿಯಮಗಳು 1945ರವು. ಅದರಲ್ಲಿ ಇಂಟರ್ನೆಟ್ ಎಲ್ಲಿಂದ ಬರಬೇಕು? ಆನ್‌ಲೈನ್ ಮಾರಾಟದ ವಿರುದ್ಧ ದೇಶದ ಮೆಡಿಕಲ್ ಅಂಗಡಿಯವರು 2015, 2017 ಮತ್ತು 2018ರಲ್ಲಿ ಬಾಗಿಲು ಹಾಕಿ ಮುಷ್ಕರ ಮಾಡಿದರು. 2018ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಕರಡು ನಿಯಮ ಹೊರಡಿಸಿತು, ಕರಡಿನ ಹಿಂದೆ ಅಂತಿಮ ನಿಯಮ ಬರಲಿಲ್ಲ. ಅದೇ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಲೈಸೆನ್ಸ್ ಇಲ್ಲದ ಆನ್‌ಲೈನ್ ಮಾರಾಟ ನಿಲ್ಲಿಸಿ ಎಂದಿತು.

ಆಮೇಲೆ ಕೊರೋನಾ. 2020ರ ಮಾರ್ಚ್ 26ರಂದು, ಲಾಕ್‌ಡೌನ್ ಶುರುವಾದ ಬೆನ್ನಿಗೇ, ಲೈಸೆನ್ಸ್ ಇರುವ ಅಂಗಡಿಯವರು ಮನೆಗೆ ಔಷಧಿ ಮುಟ್ಟಿಸಬಹುದು ಎಂಬ ಆದೇಶ ಬಂತು. ಚೀಟಿಯನ್ನು ಇಮೇಲ್ ಮಾಡಿದರೂ ಸಾಕು. ಷರತ್ತುಗಳನ್ನು ನೋಡಿ: ಅಂಗಡಿ ಮತ್ತು ಮನೆ ಒಂದೇ ಕಂದಾಯ ಜಿಲ್ಲೆಯಲ್ಲಿರಬೇಕು, ದೀರ್ಘಕಾಲದ ಕಾಯಿಲೆಯಾದರೆ ಚೀಟಿ ಬರೆದ 30 ದಿನದೊಳಗೆ ಕೊಡಬೇಕು, ನಿದ್ದೆ ಮಾತ್ರೆಯಂಥ ಅಮಲಿನ ಔಷಧಿಗಳಿಗೆ ಇದು ಇಲ್ಲ. ಅಂಚೆ ಇಲಾಖೆಯೂ ಆ ದಿನಗಳಲ್ಲಿ ಔಷಧಿ ಪಾರ್ಸೆಲ್ ಹೊತ್ತಿತು, ಕ್ವಿನೈನ್ ಪೊಟ್ಟಣದ ಮೊಮ್ಮಕ್ಕಳ ಹಾಗೆ.

ನಿಜವಾಗಿ ಮನೆ ಬಾಗಿಲಿಗೆ, ಅದೂ ಕಾಸಿಲ್ಲದೆ ಬಂದದ್ದು ಆಮೇಲೆ. 2021ರ ಆಗಸ್ಟಿನಲ್ಲಿ ತಮಿಳುನಾಡು ನಮ್ಮ ಗಡಿಗೆ ಅಂಟಿದ ಕೃಷ್ಣಗಿರಿ ಜಿಲ್ಲೆಯಲ್ಲಿ ಮಕ್ಕಳೈ ತೇಡಿ ಮರುತ್ತುವಂ ಯೋಜನೆ ಶುರು ಮಾಡಿತು. ಜನರನ್ನು ಹುಡುಕಿ ಬರುವ ವೈದ್ಯಕೀಯ ಸೇವೆ ಎಂದು ಅರ್ಥ. ಮಹಿಳಾ ಕಾರ್ಯಕರ್ತರು ಮನೆಗೇ ಬಂದು ಬಿಪಿ, ಶುಗರ್ ನೋಡಿ ಮಾತ್ರೆ ಕೊಡುತ್ತಾರೆ. ನಮ್ಮಲ್ಲಿ 2024ರಲ್ಲಿ ಕೋಲಾರ ಜಿಲ್ಲೆಯಿಂದ ಗೃಹ ಆರೋಗ್ಯ ಯೋಜನೆ ಶುರುವಾಗಿ ಬೇರೆ ಜಿಲ್ಲೆಗಳಿಗೆ ಹೋಯಿತು. ನಿಮ್ಮ ಊರಿಗೆ ಬಂದಿದೆಯೇ ಎಂದು ಆಶಾ ಅಕ್ಕನನ್ನೋ ಉಪಕೇಂದ್ರದಲ್ಲೋ ಕೇಳಿ. ಕೇಳುವಾಗ ಇನ್ನೊಂದು ಪ್ರಶ್ನೆಯನ್ನೂ ಸೇರಿಸಿ: "ಮುಂದಿನ ತಿಂಗಳು ಮಾತ್ರೆ ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು?"

ಇದೇ ಪ್ರಶ್ನೆಯನ್ನು ಆ್ಯಪಿಗೂ ಕೇಳಬೇಕು. ಅವರ ಫೋನಿನಲ್ಲಿ ಮನುಷ್ಯರು ಸಿಗುತ್ತಾರೆಯೇ? ಬಿಲ್ಲಿನಲ್ಲಿ ಅಂಗಡಿಯ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಅವಧಿ ಮುಗಿಯುವ ತಿಂಗಳು ಇದೆಯೇ? ಇನ್ಸುಲಿನ್ ಆದರೆ 2ರಿಂದ 8 ಡಿಗ್ರಿ ತಂಪಿನಲ್ಲಿ ಬರಬೇಕು, ಏಪ್ರಿಲ್ ಬಿಸಿಲಲ್ಲಿ ಎರಡು ದಿನ ಡೆಲಿವರಿ ಚೀಲದಲ್ಲಿ ಕೂತದ್ದನ್ನು ತೆಗೆದುಕೊಳ್ಳಬೇಡಿ. ತಾಲೂಕಿನ ಪರಿಚಯದ ಮೆಡಿಕಲ್‌ನವರು ಸಂಜೆ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸಿ, "ಬಂತಾ ಅಣ್ಣಾ?" ಎಂದು ಫೋನ್ ಮಾಡುತ್ತಾರೆಂದರೆ, ಶೇಕಡಾ 20 ರಿಯಾಯಿತಿ ಕೊಡುವ ಆ್ಯಪಿಗಿಂತ ನಮಗೆ ಅವರ ಮೇಲೇ ನಂಬಿಕೆ. ಯಾವ ದಾರಿಯಾದರೂ ಒಂದು ವಾರದ ಮಾತ್ರೆ ಉಳಿದಿರುವಾಗಲೇ ಹೇಳಿಡಿ.

ಚೀಟಿಯ ವಿಷಯ ಒಂದಿದೆ. ಬಿಪಿ, ಶುಗರ್ ಮಾತ್ರೆಗಳಲ್ಲಿ ಬಹುಪಾಲು ವೈದ್ಯರ ಚೀಟಿಯ ಮೇಲೆ ಮಾತ್ರ ಮಾರಬೇಕಾದವು. 1945ರ ನಿಯಮಗಳ ಪ್ರಕಾರ ಇಂಥ ಚೀಟಿಗೆ ಒಂದೇ ಸಲ ಔಷಧಿ. ಮತ್ತೆ ಮತ್ತೆ ಬೇಕಾದರೆ ಎಷ್ಟು ಸಲ, ಎಷ್ಟು ದಿನಕ್ಕೊಮ್ಮೆ ಎಂದು ವೈದ್ಯರೇ ಬರೆದಿರಬೇಕು. ಹಾಗೆ ಬರೆದದ್ದಿದ್ದರೆ, ಪ್ರತಿ ಸಲ ಕೊಟ್ಟಾಗಲೂ ಅಂಗಡಿಯವರು ತಮ್ಮ ಹೆಸರು, ವಿಳಾಸ, ತಾರೀಖನ್ನು ಚೀಟಿಯ ಮೇಲೆಯೇ ಹಾಕಬೇಕು. ಅಂದರೆ ಆ ಚೀಟಿಯೇ ಒಂದು ರಿಜಿಸ್ಟರ್. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ "ತಿಂಗಳಿಗೊಮ್ಮೆ, ಮೂರು ಸಲ" ಎಂದು ಬರೆಸಿಕೊಳ್ಳಿ. ಈಗ ಮನೆಯಲ್ಲಿರುವ ಹಳೆ ಚೀಟಿಯನ್ನೊಮ್ಮೆ ತೆಗೆದು ನೋಡಿ, ಅದರ ಮೇಲೆ ಎಷ್ಟು ತಾರೀಖು ಬಿದ್ದಿವೆ ಎಂದು.